ಹಳೇ ಮೇಜು ಆರಿಸುವ ಶಾಸ್ತ್ರ

ಹಳೇ ಮೇಜುಗಳಲ್ಲಿ ಮೂರು ಜಾತಿ: ನಿಜವಾಗಿಯೂ ಹಳೆಯವು, ಹಳೆಯದಾಗಿ ಕಾಣುವಂತೆ ಮಾಡಿದವು, ಹಳೆಯದೆಂದು ಬರೀ ಬಾಯಿಮಾತಿನಲ್ಲಿ ಹೇಳುವಂಥವು. ಬೆಲೆಯ ವಿಷಯದಲ್ಲಿ ಮಾತ್ರ ಇವುಗಳ ನಡುವೆ ಜಾತಿಭೇದವಿಲ್ಲ.

ಮೊದಲ ಜಾತಿಗೆ ಕಾನೂನೇ ಗೆರೆ ಎಳೆದಿದೆ. 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯಿದೆಯ ಪ್ರಕಾರ ನೂರು ವರ್ಷ ತುಂಬಿದ ಕುಶಲ ಕೆಲಸದ ವಸ್ತು ಪುರಾತನ ವಸ್ತು. ಅದನ್ನು ಖಾಸಗಿಯವರು ದೇಶದಾಚೆ ಸಾಗಿಸುವಂತಿಲ್ಲ. ಹೀಗಾಗಿ ಮೇಜಿನ ವಯಸ್ಸು ಸಂದರ್ಭಕ್ಕೆ ತಕ್ಕಂತೆ ಏರಿಳಿಯುತ್ತದೆ. ಮಾರುವಾಗ ಅದಕ್ಕೆ ನೂರಿಪ್ಪತ್ತು. ಅಮೆರಿಕದಲ್ಲಿರುವ ಮಗನಿಗೆ ಕಳಿಸುವಾಗ ತೊಂಬತ್ತೊಂಬತ್ತಕ್ಕೆ ಒಂದು ದಿನವೂ ಹೆಚ್ಚಿಲ್ಲ. ‘ವಿಂಟೇಜ್’ ಎಂಬುದಕ್ಕೆ ಇಂಥ ಕಾನೂನಿನ ಕಟ್ಟುಪಾಡೇನೂ ಇಲ್ಲ. ನಲವತ್ತು ದಾಟಿದ್ದೆಲ್ಲ ವಿಂಟೇಜ್ ಎನ್ನುವ ಅಂಗಡಿಗಳಿವೆ. ಆ ಲೆಕ್ಕದಲ್ಲಿ ಮೇಜು ನೋಡಲು ಬಂದ ಗಂಡ ಹೆಂಡತಿ ಇಬ್ಬರೂ ವಿಂಟೇಜೇ.

ಬೆಂಗಳೂರಿನಲ್ಲಿ ಹಳೇ ಮೇಜಿನ ಮಾತೆತ್ತಿದವರಿಗೆ ಸಿಗುವ ಮೊದಲ ಸಲಹೆ, “ಅವೆನ್ಯೂ ರಸ್ತೆ ಕಡೆ ಒಂದು ಸಲ ಹೋಗಿ ನೋಡಿ.” ಮೈಸೂರು ಬ್ಯಾಂಕ್ ವೃತ್ತದಿಂದ ಕೃಷ್ಣರಾಜ ಮಾರುಕಟ್ಟೆಯವರೆಗೆ ಹೆಚ್ಚುಕಡಿಮೆ ಒಂದು ಕಿಲೋಮೀಟರು ಹರಿಯುವ ಈ ರಸ್ತೆ ಹಿಂದಿನ ದೊಡ್ಡಪೇಟೆ, ಕೆಂಪೇಗೌಡರ ಪೇಟೆಯ ಎರಡು ಮುಖ್ಯ ಬೀದಿಗಳಲ್ಲಿ ಒಂದು. ಇದನ್ನು ಅಡ್ಡ ಹಾಯುವ ಚಿಕ್ಕಪೇಟೆ ಇನ್ನೊಂದು. ಇಲ್ಲಿ ಎಂಜಿನಿಯರಿಂಗಿನ ಹಳೇ ಪುಸ್ತಕ, ಕೆಂಪು ಬಟ್ಟೆಯ ಖಾತೆ ಪುಸ್ತಕ, ಪೆನ್ನು, ಬೆಳ್ಳಿ ಲೋಟ, ಸ್ಟೀಲ್ ಡಬರಿ ಎಲ್ಲವೂ ಸಿಗುತ್ತವೆ. ಅಂದರೆ ಮೇಜಿನ ಮೇಲೆ ಇಡಬೇಕಾದದ್ದೆಲ್ಲ ಉಂಟು; ಮೇಜಿಗಾಗಿ ಮಾತ್ರ ಇನ್ನಷ್ಟು ನಡೆಯಬೇಕು. ಮಾರುಕಟ್ಟೆಯ ಬಳಿ ವಾರಕ್ಕೊಮ್ಮೆ ಹರಡಿಕೊಳ್ಳುವ ಸಂಡೇ ಬಜಾರ್, ಸುತ್ತಲ ಗಲ್ಲಿಗಳ ಗುಜರಿ ಅಂಗಡಿಗಳು, ಅಲ್ಲೂ ಆಗದಿದ್ದರೆ ಶಿವಾಜಿನಗರ, ಹೀಗೆ ಸಾಗುತ್ತದೆ ಮೇಜಿನ ಯಾತ್ರೆ.

ಸರಕು ಬರುವುದು ಎಲ್ಲಿಂದ ಎಂಬುದನ್ನು ತಿಳಿದರೆ ಅರ್ಧ ವಿದ್ಯೆ ಕಲಿತಂತೆ. 1890ರ ದಶಕದಲ್ಲಿ ಚಾಮರಾಜಪೇಟೆ ತಲೆಯೆತ್ತಿತು. 1898ರ ಪ್ಲೇಗಿಗೆ ಹೆದರಿ ಪೇಟೆ ಬಿಟ್ಟ ಜನ ಬಸವನಗುಡಿ, ಮಲ್ಲೇಶ್ವರಗಳನ್ನು ತುಂಬಿದರು. ಆ ಮನೆಗಳ ಪಡಸಾಲೆಯಲ್ಲಿ ವಕೀಲರ ಮೇಜು, ಮೇಷ್ಟರ ಮೇಜು, ರಿಟೈರಾದ ಅಮಲ್ದಾರರ ಮೇಜು ಕಾಲೂರಿ ನಿಂತವು. ಈಗ ಆ ಮನೆಗಳು ಪಾಲಾಗುತ್ತಿವೆ. ನಿವೇಶನ ಬಿಲ್ಡರಿಗೆ, ಫ್ಲ್ಯಾಟು ಅಣ್ಣತಮ್ಮಂದಿರಿಗೆ, ಮೇಜು ಗುಜರಿಯವನಿಗೆ. ಹಿತ್ತಿಲ ಬಾಗಿಲಿನಿಂದ ‘ಸದ್ಯ ತೊಲಗಿತು’ ಎಂದು ಸಾಗಹಾಕಿದ್ದು ಪಾಲಿಶ್ ಕುಡಿದು ಅಂಗಡಿಯ ಮುಂಬಾಗಿಲಲ್ಲಿ ಆಂಟಿಕ್ ಆಗಿ ನಿಲ್ಲುತ್ತದೆ. ಅದನ್ನು ಹತ್ತು ಪಟ್ಟು ಕೊಟ್ಟು ಹೊತ್ತೊಯ್ಯುವವನು ಕೆಲವೊಮ್ಮೆ ಸಾಗಹಾಕಿದವನ ಷಡ್ಡಕನೇ ಆಗಿರುತ್ತಾನೆ.

ಇನ್ನು ಬಗೆಗಳು. ದೊಡ್ಡಪೇಟೆಯ ಸ್ವಂತ ಸರಕು ಎನ್ನಬಹುದಾದದ್ದು ವ್ಯಾಪಾರಿಯ ನೆಲಡೆಸ್ಕು. ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಸಾಹುಕಾರರ, ಗುಮಾಸ್ತರ ತೊಡೆಯೆತ್ತರಕ್ಕೆ ಸರಿಯಾಗಿ ಮಾಡಿದ ಪುಟ್ಟ ಪೆಟ್ಟಿಗೆ ಅದು. ಮುಚ್ಚಳ ಬರೆಯುವವನ ಕಡೆಗೆ ಇಳಿಜಾರು. ಖಾತೆ ಪುಸ್ತಕ ಜಾರದಂತೆ ಕೆಳಗೊಂದು ಅಂಚುಪಟ್ಟಿ. ಮೇಲ್ಗಡೆ ಸಮತಟ್ಟಾದ ಜಾಗದಲ್ಲಿ ಲೇಖನಿಗೊಂದು ತೋಡು, ಮಸಿಕುಡಿಕೆಗೊಂದು ಕುಳಿ. ಮುಚ್ಚಳ ಎತ್ತಿದರೆ ಒಳಗೆ ಚಿಲ್ಲರೆಗೆ, ರಸೀದಿಗೆ, ಯಾರಿಗೂ ತೋರಿಸಬಾರದ ಚೀಟಿಗೆ ಬೇರೆ ಬೇರೆ ಖಾನೆ. ಅಸಲಿ ಡೆಸ್ಕಿನ ಗುರುತು ಮುಚ್ಚಳದ ಹಣೆಯಲ್ಲಿ ಇರುತ್ತದೆ. ವರ್ಷವರ್ಷವೂ ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಹಚ್ಚಿದ ಅರಿಶಿನ ಕುಂಕುಮ ಮರದ ಎಳೆಗಳಿಗೆ ಇಳಿದು ಅಲ್ಲಿ ಕಂದುಗೆಂಪಾದ ಕಲೆ ಕಟ್ಟಿರುತ್ತದೆ. ಉಜ್ಜಿದರೆ ಹೋಗುವ ಕುಂಕುಮ ಮೊನ್ನೆಯದು. ಬಲಗೈ ಮಣಿಕಟ್ಟು ಊರುವ ಜಾಗ ತುಸು ತಗ್ಗಾಗಿ ನುಣುಪಾಗಿದ್ದರಂತೂ ಎರಡು ಮಾತಿಲ್ಲ. ಈಗ ಇದನ್ನು ಲ್ಯಾಪ್‌ಟಾಪಿಗೆಂದು ಕೊಳ್ಳುವವರೇ ಹೆಚ್ಚು. ಲ್ಯಾಪ್‌ಟಾಪು ಸೊಗಸಾಗಿ ಕೂರುತ್ತದೆ. ನೆಲದ ಮೇಲೆ ಕೂತ ಎಂಜಿನಿಯರು ಏಳುವುದಷ್ಟೇ ಕಷ್ಟ.

ಸರ್ಕಾರಿ ಕಚೇರಿಯ ಮೇಜು ಎರಡನೆಯದು. ದಪ್ಪ ತೇಗ, ಮೂರು ಡ್ರಾಯರು, ಪಕ್ಕದಲ್ಲಿ ಬಿಳಿ ಬಣ್ಣದಿಂದ ಬರೆದ ದಾಸ್ತಾನು ಸಂಖ್ಯೆ. ಈ ಸಂಖ್ಯೆಯನ್ನು ಕೆರೆಸಿ ಹಾಕುವ ಅವಸರ ಬೇಡ. ಚಂಡೀಗಢದ ಕಚೇರಿಗಳಿಗಾಗಿ 1950ರ ದಶಕದಲ್ಲಿ ಪಿಯರ್ ಜೆನರೆ ಬಳಗ ರೂಪಿಸಿದ ಕುರ್ಚಿ ಮೇಜುಗಳನ್ನು ಅಲ್ಲಿಯವರು ಗುಜರಿ ಬೆಲೆಗೆ ಹರಾಜು ಹಾಕಿದರು. ಅವೇ ಯುರೋಪು, ಅಮೆರಿಕದ ಹರಾಜುಗಳಲ್ಲಿ ಲಕ್ಷಗಟ್ಟಲೆಗೆ ಹೋದವು, ಇಲಾಖೆಯ ಅಂಕಿ ಅಕ್ಷರಗಳ ಸಮೇತ. ಆ ಅಕ್ಷರಗಳೇ ಅಸಲಿಯೆಂಬುದಕ್ಕೆ ಸಾಕ್ಷಿ. ಗುಮಾಸ್ತನೊಬ್ಬ ಬೇಸರದಲ್ಲಿ ಬರೆದ ನಂಬರು ಮರಕ್ಕಿಂತ ಹೆಚ್ಚು ಬೆಲೆ ಬಾಳಬಹುದು.

ಮೂರನೆಯದು ಟೀಪಾಯಿ, ಇದು ಎಲ್ಲರ ಮನೆಗೂ ಹೊಂದುತ್ತದೆ, ಕತ್ತಲಲ್ಲಿ ಎಲ್ಲರ ಮೊಳಕಾಲಿಗೂ ತಗಲುತ್ತದೆ. ನಾಲ್ಕನೆಯದು ಹಳೇ ಹೋಟೆಲಿನ ಅಮೃತಶಿಲೆಯ ಹಲಗೆಯ ಮೇಜು. ಒರೆಸಿದರೆ ಚೊಕ್ಕಟ, ಆದರೆ ನಿಂಬೆ ರಸ, ಹುಣಸೆ ಹುಳಿ ಬಿದ್ದರೆ ಕಲ್ಲಿನ ಹೊಳಪು ಸುಟ್ಟುಹೋಗುತ್ತದೆ. ಸಾರು ಅನ್ನದ ಮನೆಯಲ್ಲಿ ಇದು ಗಮನಿಸಬೇಕಾದ ಅಂಶ. ಐದನೆಯದು ಸಿಂಗರ್ ಹೊಲಿಗೆ ಯಂತ್ರದ ಎರಕದ ಕಬ್ಬಿಣದ ಕಾಲುಗಳ ಮೇಲೆ ಹೊಸ ಹಲಗೆ ಕೂರಿಸಿದ್ದು. ಇದರಲ್ಲಿ ಹಳೆಯದು ಸೊಂಟದಿಂದ ಕೆಳಗೆ ಮಾತ್ರ. ಕಾಲುಮಣೆ ಬಿಚ್ಚಿರದಿದ್ದರೆ ಅತಿಥಿಗಳು ಊಟದುದ್ದಕ್ಕೂ ತುಳಿಯುತ್ತಲೇ ಇರುತ್ತಾರೆ.

ಹಳೇ ಊಟದ ಮೇಜಿನ ಬಗ್ಗೆ ವಿಶೇಷ ಎಚ್ಚರ ಬೇಕು. ಬಸವನಗುಡಿಯ ಹಳೇ ಮನೆಗಳಲ್ಲಿ ಊಟ ನಡೆಯುತ್ತಿದ್ದುದು ನೆಲದ ಮೇಲೆ, ಮಣೆ ಹಾಕಿ, ಬಾಳೆಲೆಯ ಮುಂದೆ. ಹಾಗಿರುವಾಗ “ಬಸವನಗುಡಿ ಮನೇದು ಸಾರ್, ಇನ್ನೂರು ವರ್ಷದ ಡೈನಿಂಗ್ ಟೇಬಲ್ಲು” ಎಂಬ ಮಾತಿನಲ್ಲಿ ಎರಡು ತೊಡಕಿದೆ. ಆ ಕಾಲದಲ್ಲಿ ಅಲ್ಲಿ ಮೇಜಿನ ಮೇಲೆ ಉಣ್ಣುವವರು ಅಪರೂಪ. ಮಿಗಿಲಾಗಿ, ಬಸವನಗುಡಿ ಬಡಾವಣೆಗೇ ಇನ್ನೂ ಇನ್ನೂರಾಗಿಲ್ಲ. ಇಂಥ ಮೇಜು ಒಂದೋ ದಂಡು ಪ್ರದೇಶದ ಬಂಗಲೆಯಿಂದ ಬಂದಿರುತ್ತದೆ, ಇಲ್ಲವೇ ಯಾವುದೋ ಕಚೇರಿಯಲ್ಲಿ ಫೈಲು ಹೊತ್ತು ನಿವೃತ್ತಿಯ ನಂತರ ಊಟಕ್ಕೆ ಬಂದಿರುತ್ತದೆ.

ಮರದ ಪರೀಕ್ಷೆಗೆ ಮೊದಲ ಸಾಧನ ತೋಳು. ಒಂದು ಘನ ಮೀಟರು ತೇಗ ಸುಮಾರು 650 ಕಿಲೋ ತೂಗಿದರೆ ಬೀಟೆ 800 ದಾಟುತ್ತದೆ. ಅಂಗಡಿಯವನು ಬೀಟೆ ಎಂದ ಮೇಜಿನ ಮೂಲೆ ಎರಡು ಬೆರಳಲ್ಲಿ ಮೇಲೆದ್ದರೆ ಅದು ಬೀಟೆಯ ಬಣ್ಣ ಬಳಿದ ಸಿಲ್ವರ್ ಓಕ್ ಇರಬಹುದು. ಹಲಸಿನ ಮರ ಹೊಸತರಲ್ಲಿ ಅರಿಶಿನ ಬಣ್ಣ, ವರ್ಷ ಕಳೆದಂತೆ ಕಂದಾಗುತ್ತದೆ; ಹೆಸರು ಸಣ್ಣದಾದರೂ ಬಾಳಿಕೆ ದೊಡ್ಡದು. 1970ರ ಸುಮಾರಿನಲ್ಲಿ ಸನ್‌ಮೈಕಾ ಹಾಳೆಯ ಹುಚ್ಚು ಊರಿಗೆಲ್ಲ ಹಿಡಿದಿದ್ದಾಗ ಒಳ್ಳೊಳ್ಳೆಯ ತೇಗದ ಮೇಜುಗಳಿಗೂ ತಿಳಿಹಸಿರು ಹಾಳೆ ಅಂಟಿಸಿದರು. ಅಂಥ ಮೇಜನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಹಾಗಾಗಿ ಅದರ ಬೆಲೆ ಕಡಿಮೆ, ಜಾಣನ ಕಣ್ಣು ಅದರ ಮೇಲೆಯೇ.

ನಿಜವಾದ ಪರೀಕ್ಷೆ ನಡೆಯುವುದು ಮೇಜಿನ ಅಡಿಯಲ್ಲಿ. ಮೇಲ್ಭಾಗ ಅಂಗಡಿಯವನದು, ಅಡಿಭಾಗ ಮಾತ್ರ ಮೇಜಿನದು. ಆದ್ದರಿಂದ ಟಾರ್ಚು ಹಿಡಿದು ಒಳಗೆ ತೂರಬೇಕು. “ಏನ್ ಸಾರ್, ಮೇಜು ಬಿಟ್ಟು ನೆಲ ನೋಡ್ತಿದೀರಾ?” ಎಂದರೆ ಕಿವಿಗೆ ಹಾಕಿಕೊಳ್ಳಬಾರದು. ಟಿಪ್ಪುವಿನ ಬೇಸಿಗೆ ಅರಮನೆ ಮಾರುಕಟ್ಟೆಯ ಪಕ್ಕದಲ್ಲೇ ಇರುವುದರಿಂದ ಸುತ್ತಮುತ್ತಲ ಬಹಳಷ್ಟು ಮೇಜುಗಳು ‘ಟಿಪ್ಪು ಕಾಲದ್ದು’. ಟಿಪ್ಪು ತೀರಿಕೊಂಡದ್ದು 1799ರಲ್ಲಿ. ತಲೆಯಲ್ಲಿ ಕೂಡು ಗುರುತಿರುವ ಫಿಲಿಪ್ಸ್ ಸ್ಕ್ರೂ ಪೇಟೆಗೆ ಬಂದದ್ದು 1930ರ ದಶಕದಲ್ಲಿ. ಟಿಪ್ಪುವಿನ ಮೇಜಿನಲ್ಲಿ ಆ ಸ್ಕ್ರೂ ಕಂಡರೆ ಸುಲ್ತಾನರು ಕಾಲಕ್ಕಿಂತ ಬಹಳ ಮುಂದಿದ್ದರೆಂದು ಮೆಚ್ಚಿ ಹೊರಬರಬಹುದು. ದುರಸ್ತಿಗೆಂದು ಆಮೇಲೆ ಒಂದೆರಡು ಹೊಸ ಸ್ಕ್ರೂ ಹೊಡೆದಿರುವುದುಂಟು. ಎಲ್ಲವೂ ಅವೇ ಆಗಿದ್ದರೆ ಮಾತು ಬೇರೆ.

ಗುಂಡು ಮೇಜಿಗೆ ಇನ್ನೂ ಸುಲಭದ ಪರೀಕ್ಷೆಯಿದೆ. ಮರ ಒಣಗಿದಂತೆ ಎಳೆಗೆ ಅಡ್ಡಲಾಗಿ ಕುಗ್ಗುತ್ತದೆ, ಎಳೆಯುದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಹಳೇ ಗುಂಡು ಮೇಜು ಪೂರ್ತಿ ಗುಂಡಗಿರುವುದಿಲ್ಲ. ಟೇಪು ಹಿಡಿದು ಎರಡು ಕಡೆ ಅಳೆದರೆ ಸ್ವಲ್ಪವಾದರೂ ವ್ಯತ್ಯಾಸ ಸಿಗುತ್ತದೆ. ಡ್ರಾಯರು ಪೂರ್ತಿ ಎಳೆದು ಮಗುಚಬೇಕು. ಕೈಯಲ್ಲಿ ಕೊರೆದ ಮೂಲೆಜೋಡಣೆಯ ಹಲ್ಲುಗಳು ಒಂದರಂತೆ ಇನ್ನೊಂದಿರುವುದಿಲ್ಲ. ಯಂತ್ರದ ಹಲ್ಲುಗಳು ಪಂಕ್ತಿಗೆ ಕೂತಷ್ಟು ಶಿಸ್ತಾಗಿರುತ್ತವೆ. ಡ್ರಾಯರಿನ ತಳಕ್ಕೆ ಪ್ಲೈವುಡ್ ಇದ್ದರೆ ಶತಮಾನದ ಕತೆಗೆ ಅಲ್ಲಿಗೇ ಮಂಗಳ. ತಳಕ್ಕೆ ಹಾಸಿದ ಹಳೇ ಪತ್ರಿಕೆಯನ್ನು ಜಾತಕವೆಂದು ನಂಬಬಾರದು. 1948ರ ‘ಪ್ರಜಾವಾಣಿ’ ಸಿಕ್ಕರೆ ಆ ಪತ್ರಿಕೆ 1948ರದು ಎಂದಷ್ಟೇ ಸಿದ್ಧವಾಗುತ್ತದೆ. ಸವಕಳಿಯೂ ನ್ಯಾಯವಾದ ಜಾಗದಲ್ಲಿರಬೇಕು: ಕಾಲಿಡುವ ಅಡ್ಡಪಟ್ಟಿಯ ನಡುವೆ, ಡ್ರಾಯರು ಜಾರುವ ಅಂಚಿನಲ್ಲಿ, ಮೊಣಕೈ ಊರುವಲ್ಲಿ. ಸರಪಳಿಯಿಂದ ಬಡಿದು, ಟೀ ಡಿಕಾಕ್ಷನ್ ಬಳಿದು ಹಳತು ಮಾಡಿದ ಮೇಜು ಮೈತುಂಬ ಒಂದೇ ಸಮನೆ ಸವೆದಿರುತ್ತದೆ. ಹುಳು ಕೊರೆದ ತೂತುಗಳ ಕೆಳಗೆ ತಿಳಿಬಣ್ಣದ ಹೊಸ ಪುಡಿ ಉದುರುತ್ತಿದ್ದರೆ ಒಳಗೆ ಬಾಡಿಗೆದಾರರು ಇನ್ನೂ ಇದ್ದಾರೆಂದು ಅರ್ಥ; ಅವರು ಮನೆಯ ಉಳಿದ ಮರಕ್ಕೂ ಸಂಸಾರ ವಿಸ್ತರಿಸುತ್ತಾರೆ.

ಮೈಸೂರಿನ ಇನ್‌ಲೇ ಕೆಲಸದ ಬೀಟೆ ಟೀಪಾಯಿ ಎದುರಾದರೆ ಮೋಹಕ್ಕೆ ಮೊದಲು ಕಾನೂನು ನೆನೆಯಬೇಕು. ಅಂಬಾವಿಲಾಸ ಅರಮನೆಯ ಬಾಗಿಲುಗಳಲ್ಲಿ ಕಾಣುವಂತೆ ಹಿಂದೆ ಬೀಟೆಯಲ್ಲಿ ಆನೆದಂತದ ಚಿತ್ತಾರ ಕೂರಿಸುತ್ತಿದ್ದರು. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1986 ಮತ್ತು 1991ರಲ್ಲಿ ಬಂದ ತಿದ್ದುಪಡಿಗಳ ಮೇಲೆ ದಂತದ ವ್ಯಾಪಾರ ನಿಷಿದ್ಧ. ದಂತವೇ ಆಗಿದ್ದರೆ ಕೊಳ್ಳುವುದು ಅಪರಾಧ. ಪ್ಲಾಸ್ಟಿಕ್ ಆಗಿದ್ದರೆ ದಂತದ ಬೆಲೆ ಕೊಡುವುದು ದಡ್ಡತನ. ಈಗಿನ ಕುಶಲಕರ್ಮಿಗಳು ಬಣ್ಣಬಣ್ಣದ ಮರದ ತುಂಡುಗಳಿಂದಲೇ ಮಾಡುವ ಚಿತ್ತಾರಕ್ಕೆ ಈ ಎರಡು ದೋಷವೂ ಇಲ್ಲ.

ಹಳೇ ಮೇಜಿನ ಹೊಳಪು ಬಹುಮಟ್ಟಿಗೆ ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ ಬಟ್ಟೆಯಲ್ಲಿ ತಿಕ್ಕಿದ ಫ್ರೆಂಚ್ ಪಾಲಿಶಿನದು. ಮರೆಯ ಜಾಗದಲ್ಲಿ ಹತ್ತಿಗೆ ಸ್ಪಿರಿಟ್ ಅದ್ದಿ ಒತ್ತಿದರೆ ಅದು ಅಂಟಂಟಾಗುತ್ತದೆ. ಹೊಸ ಕಾಲದ ಪಿಯು ಪಾಲಿಶ್ ಜಪ್ಪಯ್ಯ ಎನ್ನುವುದಿಲ್ಲ. ಅರಗಿನ ಪಾಲಿಶಿಗೆ ಬಿಸಿ ಆಗದು. ಕಾಫಿ ಲೋಟವನ್ನು ನೇರವಾಗಿ ಇಟ್ಟರೆ ಬಿಳಿಯ ಉಂಗುರ ಮೂಡುತ್ತದೆ. ಲೋಟದ ಕೆಳಗೆ ಡಬರಿ ಇಡುವ ನಮ್ಮ ಪದ್ಧತಿಯಿಂದ ಎಷ್ಟೋ ಮೇಜುಗಳ ಮಾನ ಉಳಿದಿದೆ.

ಕೊನೆಯದಾಗಿ ಅಳತೆ. ಕೂತು ಉಣ್ಣುವ, ಬರೆಯುವ ಮೇಜಿನ ಎತ್ತರ ಎರಡೂವರೆ ಅಡಿಯ ಆಸುಪಾಸು. ಕುರ್ಚಿಯ ಆಸನ ಒಂದೂವರೆ ಅಡಿ. ನಡುವಿನ ಒಂದು ಅಡಿಯಲ್ಲಿ ಡ್ರಾಯರೂ ತೊಡೆಯೂ ರಾಜಿಯಾಗಬೇಕು. ಊಟಕ್ಕೆ ತಲೆಗೆ ಎರಡು ಅಡಿ ಅಗಲ, ಕುರ್ಚಿಯ ಹಿಂದೆ ಓಡಾಡಲು ಮೂರಡಿ ಜಾಗ ಇರಬೇಕು. ಮೇಜಿನಷ್ಟೇ ಮುತುವರ್ಜಿಯಿಂದ ಮನೆಬಾಗಿಲು, ಮೆಟ್ಟಿಲಿನ ತಿರುವು, ಲಿಫ್ಟುಗಳನ್ನೂ ಅಳೆಯಬೇಕು. ಅವೆನ್ಯೂ ರಸ್ತೆಯ ನೂಕುನುಗ್ಗಲಿನಲ್ಲಿ ತಳ್ಳುಗಾಡಿಯ ಮೇಲೆ ನಾಲ್ಕು ಕಾಲು ಮೇಲೆತ್ತಿ ಸಲೀಸಾಗಿ ಸಾಗಿದ ಮೇಜು, ಮಲ್ಲೇಶ್ವರದ ಮೂರನೇ ಮಹಡಿಯ ಬಾಗಿಲಲ್ಲಿ ಎರಡಂಗುಲಕ್ಕೆ ಸಿಕ್ಕಿಕೊಳ್ಳುತ್ತದೆ. ಹಮಾಲಿಗಳ ಕೂಲಿ ಮೇಲೇರಿಸಲು ಒಂದು, ಕೆಳಗಿಳಿಸಲು ಇನ್ನೊಂದು. ಕಾಲು ಬಿಚ್ಚಿ ಜೋಡಿಸಲು ಬರುವ ಮೇಜಿಗೆ ಅದಕ್ಕೇ ಬೆಲೆ ಹೆಚ್ಚು ಕೊಡಬಹುದು.

ಇಷ್ಟೆಲ್ಲ ಪರೀಕ್ಷೆಯ ಸಾರ ಒಂದೇ: ಮೇಜಿಗೆ ದುಡ್ಡು ಕೊಡಬೇಕು, ಅದರ ಕತೆಗೆ ಕೊಡಬಾರದು. ಕುಲುಕಿದರೆ ಅಲುಗದ, ಡ್ರಾಯರು ಸರಾಗವಾಗಿ ಜಾರುವ, ದಿನವೂ ಉಪಯೋಗಕ್ಕೆ ಬರುವ ಮೇಜು ನಲವತ್ತು ವರ್ಷದ್ದಾದರೂ ಒಳ್ಳೆಯದೇ. ಕೈಮುಟ್ಟಲು ಹೆದರಿಸುವ ಮೇಜು ನೂರೈವತ್ತರದ್ದಾದರೂ ಮನೆಗೆ ಭಾರ. ಪೇಟೆಗೆ ಹೊರಡುವ ಮುನ್ನ ಒಂದು ಸಲ ಅಜ್ಜಿಮನೆಯ ಅಟ್ಟ ಹತ್ತಿ ನೋಡಿ. ಅಲ್ಲಿ ಹಳೇ ಹಾಸಿಗೆ, ಟ್ರಂಕುಗಳ ಅಡಿಯಲ್ಲಿ ತಿಳಿಹಸಿರು ಸನ್‌ಮೈಕಾದ ಮೇಜೊಂದಿದ್ದರೆ, ದಯವಿಟ್ಟು ಗುಜರಿಯವನನ್ನು ಕೂಗುವ ಮೊದಲು ಅದನ್ನು ಮಗುಚಿ ನೋಡಿ.