ಫೋಕಸರ್ ರಾಯರು

ಜಯನಗರದಿಂದ ಬನಶಂಕರಿವರೆಗೆ ಎಲ್ಲಿ ಹೋದರೂ, ಜೆ.ಪಿ. ನಗರದ ಯಾವ ಫೇಸಿಗೆ ಹೊಕ್ಕರೂ, ಬೀದಿಗೊಬ್ಬರಲ್ಲದಿದ್ದರೆ ಬಡಾವಣೆಗೊಬ್ಬರಂತೆ ಫೋಕಸರ್ ರಾಯರು ಸಿಗುತ್ತಾರೆ. ರಾಯರೇ ಆಗಬೇಕೆಂದಿಲ್ಲ, ಗೌಡರೂ ಆಗಬಹುದು, ಬಿಟಿಎಂ ಲೇಔಟಿನ ಪೀಜಿಯಲ್ಲಿರುವ ಸಾಫ್ಟ್‌ವೇರ್ ಹುಡುಗನೂ ಆಗಬಹುದು. ಗುರುತು ಸುಲಭ. ತಾರಸಿಯ ಮೇಲೆ, ನೀರಿನ ಟ್ಯಾಂಕಿಗೂ ಒಣಹಾಕಿದ ಬಟ್ಟೆಗೂ ನಡುವೆ ಹಳೇ ಬೆಡ್‌ಶೀಟ್ ಹೊದ್ದ ಟೆಲಿಸ್ಕೋಪು. ಪ್ಯಾಂಟಿನ ಜೇಬಿನಲ್ಲಿ ಒಂದು ಐಪೀಸು. ಪ್ಲಂಬಿಂಗ್ ಸಾಮಾನಿನ ಅಂಗಡಿ ಕಂಡರೆ ಸಾಕು, ಆ ಐಪೀಸು ತೆಗೆದು ಕೈಗೆ ಸಿಕ್ಕ ಪೈಪಿನ ಬಾಯಿಗೆಲ್ಲ ತೂರಿಸಿ ನೋಡುತ್ತಾರೆ. "ಎಷ್ಟು ಬಾತ್‌ರೂಮು ಸಾರ್?" ಎಂದು ಅಂಗಡಿಯವನು ಕೇಳಿದರೆ, "ಬಾತ್‌ರೂಮಲ್ಲಪ್ಪಾ, ಶನಿ" ಎನ್ನುತ್ತಾರೆ. ಪಾಪ, ಸಾಡೇಸಾತಿ ಇರಬೇಕು ಎಂದುಕೊಂಡು ಅವನು ರೇಟಿನಲ್ಲಿ ಸ್ವಲ್ಪ ಬಿಡುತ್ತಾನೆ.

ಇವರ ಮೇಲೆ ಮನೆಯವರದೂ ನೆರೆಯವರದೂ ಒಂದೇ ಆರೋಪ: ಜಿಪುಣ. ಟೆಲಿಸ್ಕೋಪಿಗೆ ದುಡ್ಡು ಸುರಿದವರಿಗೆ, ಐಪೀಸನ್ನು ಹಿಂದೆ ಮುಂದೆ ಸರಿಸುವ ಆ ಚೂರು ಭಾಗಕ್ಕೆ ಬಿಚ್ಚಲು ಏನು ಧಾಡಿ ಎಂದು. ನನಗೆ ಹಾಗನ್ನಿಸುವುದಿಲ್ಲ. ದಕ್ಷಿಣ ಬೆಂಗಳೂರಿನಲ್ಲಿ ಕೂತು ಆಕಾಶ ನೋಡುವವನು ತಲೆ ಕೆಡಿಸಿಕೊಳ್ಳಬೇಕಾದ ಮೊದಲ ಭಾಗವೇ ಫೋಕಸರು, ಅದನ್ನು ಮನೆಯಲ್ಲೇ ಸರಿಮಾಡಿಕೊಳ್ಳುವುದು ಲೆಕ್ಕಕ್ಕೂ ಸರಿ. ನಮ್ಮ ಆಕಾಶದ ಯೋಗ್ಯತೆಗೆ ಸಾಕ್ಷಿ ಬೇಕಿದ್ದರೆ ಕೋರಮಂಗಲಕ್ಕೆ ಹೋಗಿ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಇರುವುದು ಅಲ್ಲಿ, ಅದರ 2.34 ಮೀಟರಿನ ವೈನು ಬಪ್ಪು ಟೆಲಿಸ್ಕೋಪು 1986ರಿಂದ ಇರುವುದು ತಮಿಳುನಾಡಿನ ಕಾವಲೂರಿನಲ್ಲಿ. ಬಲ್ಲವರು ಈ ಊರಿನಲ್ಲಿ ಕುರ್ಚಿ ಇಟ್ಟರೇ ಹೊರತು ಕನ್ನಡಿ ಇಡಲಿಲ್ಲ. ಬೀದಿದೀಪ, ಮಾಲು, ಅಪಾರ್ಟ್‌ಮೆಂಟು ಎಲ್ಲ ಸೇರಿ ಕ್ಷೀರಪಥವನ್ನು ಒರೆಸಿ ಹಾಕಿರುವ ಇಲ್ಲಿ ಕರೆಂಟ್ ಹೋದಾಗ ಹಿಗ್ಗುವವರು ರಾಯರೊಬ್ಬರೇ. ಇಷ್ಟು ಬೆಳಕಿಗೂ ಜಗ್ಗದೆ ಉಳಿದಿರುವುದು ಚಂದ್ರ, ಗುರು, ಶನಿ, ಮಂಗಳ, ಮತ್ತೆ ಒಂದಷ್ಟು ಜೋಡಿ ನಕ್ಷತ್ರ. ಇವನ್ನು ವಿವರವಾಗಿ ನೋಡಲು 100, 150 ಪಟ್ಟು ವರ್ಧನೆ ಬೇಕು. ಅಷ್ಟು ವರ್ಧನೆಯಲ್ಲಿ ಗ್ರಹದ ಜೊತೆಗೆ ಫೋಕಸರಿನ ಅಲುಗಾಟವೂ ಹಿಗ್ಗುತ್ತದೆ. ನಾಬು ಮುಟ್ಟಿದರೆ ಶನಿ ಕುಣಿಯುತ್ತಾನೆ, ಬಿಟ್ಟರೆ ಮಸುಕಾಗುತ್ತಾನೆ.

ಲೆಕ್ಕವನ್ನೇ ನೋಡೋಣ. ಅಗ್ಗದ ನ್ಯೂಟನ್ ಮಾದರಿಗಳಲ್ಲಿ ಎಲ್ಲೆಲ್ಲೂ ಕಾಣುವುದು 130 ಮಿ.ಮೀ. ಕನ್ನಡಿ, 650 ಮಿ.ಮೀ. ಸಂಗಮದೂರದ್ದು, ಅಂದರೆ ಎಫ್/5. ಇದರಲ್ಲಿ ಬಿಂಬ ಚೊಕ್ಕವಾಗಿ ನಿಲ್ಲುವ ಜಾಗ ಸುಮಾರು 55 ಮೈಕ್ರಾನ್, ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ. ಫೋಕಸರಿನ ಒಳಗಿನ ಹಲ್ಲಿನ ಗಾಲಿ 8 ಮಿ.ಮೀ. ವ್ಯಾಸದ್ದೆಂದು ಇಟ್ಟುಕೊಂಡರೆ, ನಾಬನ್ನು ಒಂದು ಸುತ್ತು ತಿರುಗಿಸಿದಾಗ ಐಪೀಸು ಹಿಡಿದ ಕೊಳವೆ 25 ಮಿ.ಮೀ. ಓಡುತ್ತದೆ, ಒಂದು ಡಿಗ್ರಿಗೆ 70 ಮೈಕ್ರಾನ್. ಶನಿಯನ್ನು ಹಿಡಿದು ನಿಲ್ಲಿಸಬೇಕಾದರೆ ಬೆರಳು ಒಂದು ಡಿಗ್ರಿಯೂ ತಿರುಗಬಾರದು. 25 ಮಿ.ಮೀ. ಅಗಲದ ನಾಬಿನ ಅಂಚಿನಲ್ಲಿ ಇದು ಮಿಲಿಮೀಟರಿನ ಐದನೇ ಒಂದು ಭಾಗಕ್ಕಿಂತ ಕಮ್ಮಿ. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಅಡುಗೆಮನೆಯಿಂದ ತಾರಸಿಗೆ ಹತ್ತುವುದು ಈ ಕಾರಣಕ್ಕೆ. 75 ಮಿ.ಮೀ. ಮುಚ್ಚಳವನ್ನು ನಾಬಿನ ನಡುಮಧ್ಯಕ್ಕೆ ಅಂಟಿಸಿದರೆ ಅಂಚಿನಲ್ಲಿ ಚಲನೆ ಮೂರು ಪಟ್ಟಾಗುತ್ತದೆ, ಅರ್ಧ ಮಿಲಿಮೀಟರು. ಇದು ಬೆರಳಿಗೆ ಗೊತ್ತಾಗುವ ಅಳತೆ. ಬಟ್ಟೆ ಕ್ಲಿಪ್ಪು ಸಿಕ್ಕಿಸಿದರೂ ಕೆಲಸ ನಡೆಯುತ್ತದೆ, ಆದರೆ ಕ್ಲಿಪ್ಪುಗಳಿಗೆ ಮನೆಯಾಕೆಯ ಹತ್ತಿರ ಲೆಕ್ಕವಿರುತ್ತದೆ. ಗುರುವನ್ನು ನೋಡಲು ಬಂದ ನೆಂಟರಿಗೆ ಮಾವಿನ ಮಿಡಿಯ ವಾಸನೆ ಬಂದರೆ ಅದು ಗುರುಗ್ರಹದ ತಪ್ಪಲ್ಲ.

ಮುಚ್ಚಳಕ್ಕಿಂತ ಮೊದಲು ಗ್ರೀಸಿನ ಕೆಲಸ. ಕಾರ್ಖಾನೆಯವರು ಮೆತ್ತಿರುವುದು ಹೆಸರಿಗೆ ಗ್ರೀಸು, ಗುಣದಲ್ಲಿ ಹಲಸಿನ ಮೇಣ. ಕೊಳವೆಗೂ ಅದರ ಗೂಡಿಗೂ ನಡುವಿನ ಸಡಿಲವನ್ನು ಮುಚ್ಚಿಡುವುದೇ ಅದರ ಉದ್ಯೋಗ. ರಾಯರು ಅದನ್ನು ಸ್ಪಿರಿಟ್ಟಿನಲ್ಲಿ ಒರೆಸಿ ತೆಗೆಯುತ್ತಾರೆ. ಆಗ ನಿಜ ಬಯಲಾಗುತ್ತದೆ: ಕೊಳವೆ ಲೊಡಬಡ. ಮೆಕ್ಯಾನಿಕ್ಕುಗಳ ಮಾತಿನಲ್ಲಿ "ಪ್ಲೇ ಇದೆ". ಐಸ್‌ಕ್ರೀಮ್ ಡಬ್ಬಿಯ ಮುಚ್ಚಳದಿಂದ ಕತ್ತರಿಸಿದ ತೆಳು ಪಟ್ಟಿಗಳನ್ನು ಗೂಡಿನ ಒಳಗೋಡೆಗೆ ಅಂಟಿಸಿ, ಬಿಳಿ ಗ್ರೀಸು ಎಷ್ಟು ಬೇಕೋ ಅಷ್ಟೇ ಸವರಿ, ಹಲ್ಲಿನ ಗಾಲಿಯನ್ನು ಒತ್ತಿಹಿಡಿಯುವ ಸ್ಕ್ರೂಗಳನ್ನು ಒಂದಾದ ಮೇಲೊಂದು ಕಾಲುಸುತ್ತು ಬಿಗಿದರೆ ಮುಗಿಯಿತು. ಎಲ್ಲ ಸೇರಿ ಕೆಲವು ನೂರು ರೂಪಾಯಿ. ಹೊಸ ಫೋಕಸರನ್ನೇ ಕೊಳ್ಳಬಾರದೇ ಎನ್ನುವವರಿಗೆ ಉತ್ತರವಿದೆ. ಚೆನ್ನಾಗಿರುವುದನ್ನು ಕೊಂಡರೆ ಬೆಲೆ ಇಂಥ ಟೆಲಿಸ್ಕೋಪಿನ ಬೆಲೆಗೇ ಪೈಪೋಟಿ ಕೊಡುತ್ತದೆ. ಅದಕ್ಕೆ ಟ್ಯೂಬಿನ ತೂತು ದೊಡ್ಡದು ಮಾಡಬೇಕು. ಹಳೆಯದಕ್ಕಿಂತ ಎತ್ತರವಿದ್ದರೆ ಐಪೀಸು ಬಿಂಬದವರೆಗೆ ಒಳಗೆ ಹೋಗುವುದೇ ಇಲ್ಲ, ಆಗ ಕನ್ನಡಿಯನ್ನೇ ಮುಂದಕ್ಕೆ ಸರಿಸಬೇಕು. ದುಡ್ಡು ಕೊಟ್ಟವನಿಗೂ ಗರಗಸ ತಪ್ಪಿದ್ದಲ್ಲ.

ಇಷ್ಟಕ್ಕೆ ನಿಲ್ಲಿಸಿದ್ದರೆ ರಾಯರ ಪರವಾಗಿ ನಾನು ಯಾವ ಕಟ್ಟೆಯಲ್ಲಿ ಬೇಕಾದರೂ ವಾದಿಸುತ್ತಿದ್ದೆ. ಅವರು ನಿಲ್ಲಿಸುವುದಿಲ್ಲ. ಇಂಗ್ಲೆಂಡಿನ ಹವ್ಯಾಸಿ ಜಾನ್ ವಾಲ್ ಕ್ರೇಫರ್ಡ್ ಫೋಕಸರ್ ಎಂಬುದನ್ನು ರೂಪಿಸಿದ. ಹಲ್ಲೇ ಇಲ್ಲ, ನಾಲ್ಕು ಬೇರಿಂಗುಗಳ ಮೇಲೆ ಕೊಳವೆ ಒರಗಿರುತ್ತದೆ, ಎದುರಿನಿಂದ ಒತ್ತುವ ಒಂದು ಕಡ್ಡಿ ಉರುಳುತ್ತ ಅದನ್ನು ಸರಿಸುತ್ತದೆ. ಪುಣ್ಯಾತ್ಮ ಪೇಟೆಂಟನ್ನೂ ಮಾಡಿಸದೆ ಜಗತ್ತಿಗೆ ಬಿಟ್ಟುಕೊಟ್ಟ. ಅದನ್ನು ತಾವೇ ಮಾಡಬೇಕೆಂದು ರಾಯರಿಗೆ ಹಟ. ಅಲ್ಲಿಂದ ಶುರು ಎಸ್.ಪಿ. ರೋಡಿನ ಯಾತ್ರೆ, ಬೇರಿಂಗು, ಅಲ್ಯೂಮಿನಿಯಂ ಆಂಗಲ್ಲು, ಲೇತ್ ಅಂಗಡಿ. "ಇದು ಯಾವ ಗಾಡಿದು ಸಾರ್?" ಎಂದು ಟರ್ನರ್ ಕೇಳುತ್ತಾನೆ, ಕಂಪಾಸು ಪೆಟ್ಟಿಗೆಯ ಸ್ಕೇಲಿನಲ್ಲಿ ಬರೆದ ನಕ್ಷೆ ಮೂರು ಸಲ ತಿದ್ದಿಕೊಂಡು ಬರುವಷ್ಟರಲ್ಲಿ ಖರ್ಚು ಅಂಗಡಿಯ ಹೊಸ ಫೋಕಸರನ್ನು ದಾಟಿರುತ್ತದೆ. ಇಲ್ಲಿಗೆ ಜಿಪುಣ ಎಂಬ ಆರೋಪ ತಾನಾಗಿಯೇ ಬಿದ್ದುಹೋಗುತ್ತದೆ. ಅದರ ಜಾಗಕ್ಕೆ ಬರುವ ಆಕ್ಷೇಪ ಗಟ್ಟಿಯಾದದ್ದು: ಈ ಮನುಷ್ಯ ಆಕಾಶ ನೋಡುವುದು ಯಾವಾಗ? ಮಳೆಗಾಲದ ಮೋಡವಿದ್ದಾಗ ಬಿಚ್ಚಿಟ್ಟುಕೊಂಡು ಕೂರುವುದಕ್ಕೆ ನನ್ನ ತಕರಾರಿಲ್ಲ. ಜನವರಿಯ ತಿಳಿಯಾದ ರಾತ್ರಿಯಲ್ಲೂ ಟೆಲಿಸ್ಕೋಪು ಡೈನಿಂಗ್ ಟೇಬಲ್ ಮೇಲೆ ಮಲಗಿದ್ದರೆ ಸಮರ್ಥನೆ ಕಷ್ಟ. "ಇನ್ನೊಂದು ಸ್ಪ್ರಿಂಗ್ ಹಾಕಿಬಿಟ್ಟರೆ ಆಯ್ತು" ಎಂಬ ಅವರ ಉತ್ತರವನ್ನು ಶನಿ ಒಪ್ಪುವುದಿಲ್ಲ. ಸುಮಾರು 15 ವರ್ಷಕ್ಕೊಮ್ಮೆ ಅವನ ಉಂಗುರ ನಮ್ಮ ಕಡೆಗೆ ಅಂಚು ತಿರುಗಿಸಿ ಗೆರೆಯಷ್ಟಾಗಿಬಿಡುತ್ತದೆ. 2025ರ ಮಾರ್ಚ್‌ನಲ್ಲಿ ಹಾಗಾಯಿತು. ಅದಕ್ಕೆ ಮುಂಚಿನ ವರ್ಷಗಳಲ್ಲಿ ಉಂಗುರ ಅಗಲವಾಗಿ ಕಾಣುತ್ತಿದ್ದಾಗ ರಾಯರು ಲೇತ್ ಅಂಗಡಿಯಲ್ಲಿದ್ದರು. ಈಗ ಅದು ಮತ್ತೆ ತೆರೆದುಕೊಳ್ಳುತ್ತಿದೆ, 2032ರ ಹೊತ್ತಿಗೆ ಪೂರ್ತಿ ಅಗಲವಾಗುತ್ತದೆ. ಅಷ್ಟರಲ್ಲಿ ಮುಗಿಸಿಬಿಡಿ ರಾಯರೇ. ಮುಗಿಯದಿದ್ದರೆ ಆ ಮುಚ್ಚಳದ ಫೋಕಸರನ್ನೇ ಹಾಕಿಕೊಂಡು ತಾರಸಿ ಹತ್ತಿ. 55 ಮೈಕ್ರಾನಿಗೆ ಅದು ಧಾರಾಳ ಸಾಕು.