ಇನ್ನೂ ಕಟ್ಟದ ಊರಿಗೆ, ಕಟ್ಟಿ ಹಳತಾದ ಊರಿನಿಂದ

ಇವರಿಗೆ,
ಮಾನ್ಯ ಮುಖ್ಯ ಯೋಜನಾಧಿಕಾರಿಗಳು,
ಆದರ್ಶ ನಗರ (ಇನ್ನೂ ಕಟ್ಟಬೇಕಿದೆ),
ಬಿಡದಿ ಹೋಬಳಿ.

ವಿಷಯ: ತಮ್ಮ ಭವಿಷ್ಯದ ನಗರಕ್ಕೆ ಹಳೆಯ ಭವಿಷ್ಯದ ನಗರವೊಂದರ ಅಭಿನಂದನೆ.
ಉಲ್ಲೇಖ: 1) 1898ರ ಪ್ಲೇಗು. 2) ವೃಷಭಾವತಿ ನದಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಬಿಡದಿಯ ಬಳಿ ಏಳು ಸಾವಿರಕ್ಕೂ ಹೆಚ್ಚು ಎಕರೆಯಲ್ಲಿ ದೇಶದ ಮೊದಲ ಎಐ ನಗರ ಏಳಲಿದೆ ಎಂದು ಓದಿ ಬಸವನಗುಡಿಯ ನಮಗೆಲ್ಲ ಪರಮಾನಂದವಾಗಿದೆ. ದೊಡ್ಡಬಳ್ಳಾಪುರ, ಡಾಬಸ್‌ಪೇಟೆಗಳ ನಡುವೆ ಕ್ವಿನ್ ಸಿಟಿ ಎಂಬ ಇನ್ನೊಂದು ಜ್ಞಾನನಗರಕ್ಕೂ 2024ರಲ್ಲೇ ಚಾಲನೆ ಸಿಕ್ಕಿದೆ. ಬೆಂಗಳೂರಿನವರಿಗೆ ಇನ್ನು ಸ್ವರ್ಗ ಒಂದೇ ಅಲ್ಲ, ಎರಡು. ಯಾವುದಕ್ಕೆ ಅರ್ಜಿ ಹಾಕುವುದೆಂಬ ಚಿಂತೆಯಲ್ಲಿ ನಮ್ಮ ಬೀದಿಯ ಹಿರಿಯರಿಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಮೊದಲೂ ಬರುತ್ತಿರಲಿಲ್ಲವೆನ್ನಿ; ಆಗ ಕಾರಣ ಬೇರೆ, ಪಕ್ಕದ ಸೈಟಿನಲ್ಲಿ ಹಳೆಯ ಮನೆ ಒಡೆದು ನಾಲ್ಕು ಮಹಡಿ ಎಬ್ಬಿಸುತ್ತಿದ್ದರು.

ನಮ್ಮ ಪರಿಚಯ ಹೇಳಿಬಿಡುತ್ತೇನೆ. ನಾವೂ ಒಂದು ಕಾಲದಲ್ಲಿ ಭವಿಷ್ಯವೇ ಆಗಿದ್ದವರು. 1892ರಲ್ಲಿ ಚಾಮರಾಜೇಂದ್ರ ಒಡೆಯರ ಹೆಸರು ಹೊತ್ತು ಚಾಮರಾಜಪೇಟೆ ಹುಟ್ಟಿತು. ಅದೇ ಹೊತ್ತಿಗೆ ದಿವಾನ್ ಶೇಷಾದ್ರಿ ಅಯ್ಯರ್ ಅವರ ಸರ್ಕಾರ ಬಸವನಗುಡಿಗೂ ಮಲ್ಲೇಶ್ವರಕ್ಕೂ ನಕ್ಷೆ ಎಳೆಸಿತು. ನೇರ ಮೇನ್ ರೋಡು, ಅದನ್ನು ಕತ್ತರಿಸುವ ಕ್ರಾಸು, ಮನೆಯ ನಾಲ್ಕೂ ಕಡೆ ಗಾಳಿಗೆ ಜಾಗ. ಆಗಿನ ಮಾತಿನಲ್ಲಿ ಇದಕ್ಕೆ ಎಕ್ಸ್‌ಟೆನ್ಷನ್ ಎಂದು ಹೆಸರು. ಆದರೆ ಪೇಟೆಯ ಜನಕ್ಕೆ ಅಂಥ ಆತುರವೇನೂ ಇರಲಿಲ್ಲ. ಮುಂದೆ ಅಂಗಡಿ, ಹಿಂದೆ ಮನೆ, ಕೂಗಿದರೆ ಓಗೊಡುವ ನೆಂಟರು. ಇಷ್ಟನ್ನೂ ಬಿಟ್ಟು ನರಿ ಕೂಗುವ ಕಡೆಗೆ ಯಾರು ಹೋದಾರು?

1898ರ ಆಗಸ್ಟಿನಲ್ಲಿ ರೈಲು ಹತ್ತಿ ಪ್ಲೇಗು ಬಂತು. ಪೇಟೆಯ ಅಟ್ಟಗಳಿಂದ ಇಲಿಗಳು ಸತ್ತು ಬೀಳತೊಡಗಿದವು. ಊರು ಖಾಲಿಯಾಯಿತು, ಪ್ಲೇಗಿನಮ್ಮನಿಗೆ ಗುಡಿ ಎದ್ದಿತು, ನಮ್ಮ ಎಕ್ಸ್‌ಟೆನ್ಷನ್ನುಗಳಿಗೆ ಜನ ಬಂದರು. ತಮ್ಮ ಪ್ರಚಾರ ವಿಭಾಗ ಡ್ರೋನ್ ಹಾರಿಸಿ, ಸಿನಿಮಾ ನಟರನ್ನು ಕರೆಸಿ ಸೈಟು ಮಾರಬೇಕು. ನಮ್ಮ ಸೈಟು ಮಾರಿಸಿಕೊಟ್ಟಿದ್ದು ಇಲಿ. ಆದರ್ಶವನ್ನು ಮೆಚ್ಚಿ ಬಂದವರು ಕಡಿಮೆ, ಸಾವಿಗೆ ಹೆದರಿ ಬಂದವರೇ ಹೆಚ್ಚು. ಅದೇ 1898ರಲ್ಲಿ ಇಂಗ್ಲೆಂಡಿನಲ್ಲಿ ಎಬನೇಜರ್ ಹೊವರ್ಡ್ ಎಂಬ ಶೀಘ್ರಲಿಪಿಕಾರ ಉದ್ಯಾನ ನಗರಗಳ ಕನಸನ್ನು ಪುಸ್ತಕವಾಗಿ ಅಚ್ಚು ಹಾಕಿಸಿದ. ಅವನ ಮೊದಲ ಊರು ಲೆಚ್‌ವರ್ತ್ ಶುರುವಾದದ್ದು 1903ರಲ್ಲಿ. ಅಷ್ಟರಲ್ಲಿ ನಮ್ಮವರು ಗೃಹಪ್ರವೇಶ ಮುಗಿಸಿ ಮಾಳಿಗೆಯ ಮೇಲೆ ಹಪ್ಪಳ ಒಣಹಾಕುತ್ತಿದ್ದರು.

ಇಂಥ ಅನುಭವಸ್ಥರಾದ್ದರಿಂದ ತಮಗೆ ನಾಲ್ಕು ಮಾತು ಹೇಳುವ ಧೈರ್ಯ.

ಮೊದಲನೆಯದಾಗಿ, ಯಾರ ಪಕ್ಕದಲ್ಲಿ ಯಾರಿರಬೇಕು ಎಂಬುದು. ಈ ವಿಷಯದಲ್ಲಿ ನಮ್ಮ ಯೋಜಕರು ಬಹಳ ಮುಂದಾಲೋಚನೆಯವರು. ಇಂಥಿಂಥ ಬ್ಲಾಕು ಇಂಥಿಂಥ ಜಾತಿ-ಮತದವರಿಗೆ ಎಂದು ನಕ್ಷೆಯಲ್ಲೇ ಗುರುತು ಹಾಕಿಬಿಟ್ಟಿದ್ದರು. ಗಾಳಿ ಬೆಳಕಿಗೆ ವಿಜ್ಞಾನ, ನೆರೆಹೊರೆಗೆ ಮನುಸ್ಮೃತಿ. ತಾವು ಆಧುನಿಕರು, ಹಾಗೆಲ್ಲ ಮಾಡುವುದಿಲ್ಲ. ಸಾಲದ ಕಂತು ಕಟ್ಟಬಲ್ಲವರು ಗೇಟಿನ ಒಳಗೆ, ಕಟ್ಟಲಾರದವರು ಹೊರಗೆ. ಒಳಗೆ ಬಂದ ಮೇಲೂ ಸಸ್ಯಾಹಾರಿಗಳಿಗೆ ಮಾತ್ರ ಬಾಡಿಗೆಗೆ ಎಂದರೆ ಉಳಿದ ಜರಡಿ ತಾನಾಗಿ ಆಗುತ್ತದೆ. ನಮ್ಮ ಕಾಲದಲ್ಲಿ ಇದನ್ನು ಗುಮಾಸ್ತರು ಲೆಡ್ಜರಿನಲ್ಲಿ ಕೈಯಾರೆ ಬರೆಯಬೇಕಿತ್ತು. ತಮಗೆ ಕೃತಕ ಬುದ್ಧಿಮತ್ತೆಯೇ ಇದೆ.

ಎರಡನೆಯದು ಕನ್ಸರ್ವೆನ್ಸಿ. ಮಲ್ಲೇಶ್ವರದ ಕ್ರಾಸುಗಳಲ್ಲೋ ನಮ್ಮ ಬಸವನಗುಡಿಯಲ್ಲೋ ತಾವು ಅಡ್ಡಾಡಿದರೆ ಮನೆಸಾಲುಗಳ ಬೆನ್ನಿಗೆ ಒಂದು ಕಿರಿದಾದ ಗಲ್ಲಿ ಕಾಣುತ್ತದೆ. ಅಲ್ಲಿ ಈಗ ಮುರಿದ ಕಮೋಡು, ಹಳೆಯ ಹಾಸಿಗೆ, ಯಾರದೋ ಸ್ಕೂಟರು. ಕೆಲವು ಕಡೆ ಉತ್ಸಾಹಿಗಳು ಗೋಡೆಗೆ ಬಣ್ಣದ ಚಿತ್ರ ಬರೆದು ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮ ಇಡೀ ನಕ್ಷೆಯಲ್ಲಿ ಅತ್ಯಂತ ಜಾಣ ಗೆರೆ ಎಂದರೆ ಅದೇ. ಮುಂಬಾಗಿಲಲ್ಲಿ ರಂಗೋಲಿ, ಹಿಂಬಾಗಿಲಲ್ಲಿ ಮಲದ ಬಕೆಟ್ಟು. ಬೆಳಗಿನ ಜಾವ ಅದನ್ನು ಎತ್ತಿಕೊಂಡು ಹೋಗುವವರು ಮನೆಯವರ ಕಣ್ಣಿಗೆ ಬೀಳಬಾರದು, ಮನೆಯವರು ಅವರನ್ನು ಮುಟ್ಟಬಾರದು. ಅದಕ್ಕಾಗಿ ಒಂದು ಸರ್ಕಾರ ಇಂಜಿನಿಯರುಗಳನ್ನು ಕೂರಿಸಿ, ಸರಪಳಿ ಹಿಡಿಸಿ, ಅಳತೆ ಮಾಡಿಸಿ, ಸಾಲು ಸಾಲಿಗೂ ಒಂದೊಂದು ದಾರಿ ಬಿಡಿಸಿತು. ಅವರು ನಡೆಯಲು ದಾರಿ ಇತ್ತು. ಮಲಗಲು ಸೈಟು ಇರಲಿಲ್ಲ. ತಲೆಯ ಮೇಲೆ ಮಲ ಹೊರಿಸುವುದನ್ನು ನಮ್ಮ ರಾಜ್ಯ ನಿಷೇಧಿಸಿದ್ದು 1970ರ ದಶಕದಲ್ಲಿ, ಸ್ವತಃ ದಲಿತರಾಗಿದ್ದ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ. ಅಲ್ಲಿಗೆ ನಮ್ಮ ಆದರ್ಶ ನಗರಕ್ಕೆ ವಯಸ್ಸು ಎಂಬತ್ತರ ಹತ್ತಿರ.

ಇವತ್ತಿಗೂ ನಮ್ಮ ಬೀದಿ ಗುಡಿಸುವವರು ನಮ್ಮ ಬಡಾವಣೆಯವರಲ್ಲ. ಕತ್ತಲಿರುವಾಗಲೇ ಎದ್ದು, ಎಲ್ಲಿಂದಲೋ ಬಸ್ಸು ಹಿಡಿದು ಬರುತ್ತಾರೆ. ಕಾಫಿ ಲೋಟ ಹಿಡಿದು ಗೇಟಿನಲ್ಲಿ ನಿಂತ ನಾವು, ಇವತ್ತು ಲೇಟಾಯಿತಲ್ಲಮ್ಮ ಎನ್ನುತ್ತೇವೆ.

ಇಷ್ಟೆಲ್ಲ ಇದ್ದೂ ತಮಗೆ ಒಂದು ಮಾತು ಒಪ್ಪಿಸಲೇಬೇಕು: ನಮ್ಮ ಊರು ನಡೆಯಿತು. ಯೋಜಿಸಿ ಕಟ್ಟಿದ ಊರು ಊರಾಗುವುದೇ ಇಲ್ಲ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಅವರನ್ನು ಒಂದು ಸಂಜೆ ನಮ್ಮ ಗಾಂಧಿ ಬಜಾರಿಗೆ ಕರೆದುಕೊಂಡು ಬನ್ನಿ. ನಡೆದದ್ದು ಯಾಕೆ ಎಂದು ಕೇಳಿದರೆ, ಅರ್ಧ ಸರ್ಕಾರ ಮಾಡಿದ ಕೆಲಸದಿಂದ. ಸೈಟು ಹಂಚಿ ಕೈ ತೊಳೆದುಕೊಳ್ಳಲಿಲ್ಲ. ಹೆಸರಘಟ್ಟದಿಂದ ನೀರು ತಂದರು, 1905ರಲ್ಲಿ ಪೇಟೆಯ ಬೀದಿಗೆ ವಿದ್ಯುದ್ದೀಪ ಹತ್ತಿಸಿದರು. ಈಗಿನ ಪದ್ಧತಿ ಬೇರೆ. ಅರ್ಕಾವತಿ ಬಡಾವಣೆಗೆ ದುಡ್ಡು ಕಟ್ಟಿದವರು ಎರಡು ದಶಕ ಕೋರ್ಟು ಕಚೇರಿ ಅಲೆದು ಮುದುಕರಾದರು. ನಾಡಪ್ರಭು ಕೆಂಪೇಗೌಡ ಬಡಾವಣೆಯಲ್ಲಿ 2016ರಿಂದ ಸೈಟು ಹಂಚಿದರು. ನೀರು ಚರಂಡಿಗೆ ಹಂಚಿಕೆದಾರರು ಅರ್ಜಿ ಹಿಡಿದು ಓಡಾಡಿದರು. 1537ರಲ್ಲಿ ಆ ನಾಡಪ್ರಭು ಅಕ್ಕಿಗೊಂದು, ರಾಗಿಗೊಂದು, ಬಳೆಗೊಂದು ಪೇಟೆ ಎಂದು ಊರು ಕಟ್ಟಿದಾಗ ಕೆರೆಗಳನ್ನೂ ಕಟ್ಟಿಸಿದ್ದ. ಹೆಸರು ಇಟ್ಟುಕೊಂಡವರು ಅದನ್ನೂ ಓದಿಕೊಳ್ಳಬಹುದಿತ್ತು.

ಇನ್ನರ್ಧ ನಕ್ಷೆಯಲ್ಲಿ ಇರಲೇ ಇಲ್ಲ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಚಾಮರಾಜಪೇಟೆಯಲ್ಲಿ ಮನೆ ಮಾಡಿತು. 1917ರಲ್ಲಿ ನ್ಯಾಷನಲ್ ಹೈಸ್ಕೂಲು ಬಂತು. 1939ರಿಂದ ರಾಮಸೇವಾ ಮಂಡಳಿಯ ಚಪ್ಪರದಲ್ಲಿ ಬೇಸಿಗೆಯ ಸಂಗೀತ ಕಚೇರಿಗಳು ನಡೆದವು; ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಒಳಗೆ ಟಿಕೆಟ್ಟಿನವರು, ಹೊರಗೆ ರಸ್ತೆಯಲ್ಲಿ ಪುಕ್ಕಟೆ ಶ್ರೋತೃಗಳು, ಇಬ್ಬರಿಗೂ ಅದೇ ತೋಡಿ. 1943ರಲ್ಲಿ ವಿದ್ಯಾರ್ಥಿ ಭವನದ ದೋಸೆಕಲ್ಲು ಕಾಯಿತು. 1945ರಲ್ಲಿ ಡಿವಿಜಿ ಗೋಖಲೆ ಸಂಸ್ಥೆ ಕಟ್ಟಿ, ಪೆನ್ಷನ್ ಪಡೆಯುವವರಿಗೂ ಹುಡುಗರಿಗೂ ಒಂದೇ ಜಮಖಾನ ಹಾಸಿದರು. ಇದ್ಯಾವುದಕ್ಕೂ ಶೇಷಾದ್ರಿ ಅಯ್ಯರ್ ಕಾಲದ ನಕ್ಷೆಯಲ್ಲಿ ಝೋನು ಇರಲಿಲ್ಲ. ಜಾಗ ಮಾತ್ರ ಸ್ವಲ್ಪ ಮಿಗಿಸಿದ್ದರು. ತಮ್ಮಂಥ ಹೊಸ ನಗರಗಳ ಪುಸ್ತಿಕೆಗಳಲ್ಲಿ ಒಂದೊಂದು ಚದರ ಅಡಿಗೂ ಕೆಲಸ ಹಚ್ಚಿರುವುದನ್ನು ಕಂಡಾಗ ನನಗೆ ಆತಂಕವಾಗುವುದು ಇದಕ್ಕೇ. ಸಮುದಾಯ ಸಂವಾದ ವಲಯ ಎಂದು ಬರೆದ ಕಡೆ ಯಾರೂ ಹರಟೆ ಹೊಡೆಯುವುದಿಲ್ಲ, ಸ್ವಾಮಿ. ಅಂದ ಹಾಗೆ, ಬಿಡದಿಯ ತಟ್ಟೆ ಇಡ್ಲಿ ಯಾವ ವಲಯದಲ್ಲಿ ಬರುತ್ತದೆ?

ಕಡಲೆಕಾಯಿ ಪರಿಷೆಯ ಸಂಗತಿಯೂ ಹೀಗೇ. ಸುಂಕೇನಹಳ್ಳಿ, ಮಾವಳ್ಳಿ, ಗುಟ್ಟಹಳ್ಳಿಗಳ ರೈತರು ಮೊದಲ ಬೆಳೆ ತಂದು ನಮ್ಮ ಗುಡಿಯ ದೊಡ್ಡ ಬಸವಣ್ಣನಿಗೆ ಒಪ್ಪಿಸುತ್ತಿದ್ದರಂತೆ. ನಕ್ಷೆ ಬಂದು ಹೊಲಗಳನ್ನು ನುಂಗಿತು, ಹಳ್ಳಿಗಳನ್ನು ವಾರ್ಡು ಮಾಡಿತು. ಆದರೂ ಕಾರ್ತಿಕದ ಕಡೆಯ ಸೋಮವಾರ ರಸ್ತೆಯೆಲ್ಲ ಕಡಲೆಕಾಯಿ ರಾಶಿ. ಈಗ ಇಲ್ಲಿ ಕಡಲೆಕಾಯಿ ಬೆಳೆಯುವವನು ಒಬ್ಬನೂ ಇಲ್ಲ; ಲಾರಿಯಲ್ಲಿ ಬರುತ್ತದೆ. ಸಂಚಾರ ಪೊಲೀಸರಿಗೆ ಆ ದಿನಗಳು ನರಕ, ನಮಗೆ ಊರು ಊರಾಗಿರುವ ದಿನಗಳು.

ಇನ್ನು ನಿಯಮಗಳ ಗತಿ. ಗಾಳಿ ಬೆಳಕಿಗೆಂದು ಮನೆಯ ಸುತ್ತ ಬಿಡಿಸಿದ ಜಾಗವನ್ನು ಮೊಮ್ಮಕ್ಕಳು ಪಿಜಿ ಮಾಡಿ ಬಾಡಿಗೆಗೆ ಕೊಟ್ಟರು. ಸರ್ಕಾರ ಅಕ್ರಮ-ಸಕ್ರಮ ಎಂಬ ಯೋಜನೆಯನ್ನೇ ತಂದಿತು. 2017ರಲ್ಲಿ ಸುಪ್ರೀಂ ಕೋರ್ಟು ತಡೆಯದಿದ್ದರೆ ನಕ್ಷೆ ಮುರಿಯುವುದಕ್ಕೆ ರಸೀತಿ ಸಿಗುತ್ತಿತ್ತು. ಚಾಮರಾಜಪೇಟೆಯ ಈದ್ಗಾ ಮೈದಾನ ಯಾರದೆಂಬ ಜಗಳ 2022ರಲ್ಲಿ ಅದೇ ಕೋರ್ಟಿನ ಬಾಗಿಲು ತಟ್ಟಿತು. ಗೆರೆ ಎಳೆಯುವುದು ಇಂಜಿನಿಯರಿನ ಕೆಲಸ, ಅದರ ಎರಡು ಬದಿಯವರು ಹೊಂದಿಕೊಂಡು ಬಾಳುವುದು ಬೇರೆ ಯಾರದೋ ಕೆಲಸ.

ಪರದೇಶದ ಮಾದರಿ ತೋರಿಸಿ ತಾವು ನನ್ನ ಬಾಯಿ ಮುಚ್ಚಿಸಬಹುದು. ಸೌದಿಯವರು 170 ಕಿಲೋಮೀಟರ್ ಉದ್ದದ, ಗೋಡೆಯಂಥ ಊರು ಕಟ್ಟಿ 90 ಲಕ್ಷ ಜನರನ್ನು ತುಂಬುವುದಾಗಿ ಹೇಳಿದರು. ಮೊದಲಿಗೆ ಎರಡು ಚಿಲ್ಲರೆ ಕಿಲೋಮೀಟರ್ ಆದರೆ ಸಾಕು ಎಂಬ ಸುದ್ದಿ 2024ರಲ್ಲಿ ಬಂತು. ಪುದುಚೇರಿಯ ಪಕ್ಕದ ಆರೋವಿಲ್ 1968ರಲ್ಲಿ ಐವತ್ತು ಸಾವಿರ ಜನಕ್ಕೆಂದು ಶುರುವಾಗಿ ಕೆಲವೇ ಸಾವಿರಕ್ಕೆ ನಿಂತಿದೆ. ಅಲ್ಲೂ 2021ರಲ್ಲಿ ನಕ್ಷೆಯ ರಸ್ತೆ ಮುಖ್ಯವೋ ಬೆಳೆದ ಮರ ಮುಖ್ಯವೋ ಎಂದು ಜೆಸಿಬಿಯ ಮುಂದೆ ಜಗಳವಾಯಿತು. ನಮ್ಮಲ್ಲಾದರೆ ಮರ ಬಿದ್ದ ಮೇಲೆ ಜಗಳ ಶುರುವಾಗುತ್ತದೆ, ಅಷ್ಟೇ ವ್ಯತ್ಯಾಸ.

ಈಗ ಉಲ್ಲೇಖ ಎರಡಕ್ಕೆ ಬರುತ್ತೇನೆ. ನಮ್ಮ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತಾಳೆ ಎಂದು ನಂಬಿಕೊಂಡು ಬಂದ ವೃಷಭಾವತಿ, ಮೈಸೂರು ರಸ್ತೆಯ ಉದ್ದಕ್ಕೂ ಹರಿದು, ಕೆಂಗೇರಿ ದಾಟಿ, ತಮ್ಮ ಬೈರಮಂಗಲದ ಕೆರೆಗೆ ಬಂದು ಸೇರುತ್ತಾಳೆ. ಹರಿದು ಎಂದೆನಲ್ಲ, ಸಭ್ಯತೆಗೆ ಹಾಗೆಂದೆ. ಬಚ್ಚಲು, ಕಕ್ಕಸು, ಕಾರ್ಖಾನೆಯ ಬಣ್ಣ, ಎಲ್ಲವನ್ನೂ ಹೊತ್ತು ನೊರೆ ಕಾರುತ್ತ ಬರುತ್ತಾಳೆ. ನೀರಾವರಿಗೆಂದು ಕಟ್ಟಿದ ಆ ಕೆರೆಯ ಕೆಳಗಿನ ರೈತರು ದಶಕಗಳಿಂದ ನಮ್ಮ ಮಲದ ನೀರಿನಲ್ಲಿ ಬೆಳೆ ತೆಗೆಯುತ್ತಿದ್ದಾರೆ. ಅಂದರೆ ನಮ್ಮ ಕನ್ಸರ್ವೆನ್ಸಿ ಮುಚ್ಚಿಲ್ಲ, ಉದ್ದವಾಗಿದೆ. ಮನೆಯ ಹಿಂದಿದ್ದ ಗಲ್ಲಿ ಬಿಡದಿಯವರೆಗೆ ಬೆಳೆದಿದೆ. ನಮ್ಮ ಮುಂಬಾಗಿಲಲ್ಲಿ ಇನ್ನೂ ರಂಗೋಲಿ ಇದೆ.

ಅದೇ ಕೆರೆಯ ಆಸುಪಾಸಿನಲ್ಲಿ ತಾವು ಭವಿಷ್ಯ ಕಟ್ಟುತ್ತಿದ್ದೀರಿ. ಶ್ರೀಮಂತರ ಬಾಲ್ಕನಿಗಳು ಅಲ್ಲಿ ಎದ್ದ ಮೇಲೆ ಕೆರೆ ಶುದ್ಧವಾಗಿಯೇ ಆಗುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ರೈತ ಮೂಗು ಮುಚ್ಚಿಕೊಂಡಾಗ ಸಿಗದ ಅನುದಾನ, ಫ್ಲ್ಯಾಟಿನವರು ಮುಚ್ಚಿಕೊಂಡಾಗ ಸಿಗುತ್ತದೆ. ನನ್ನ ಪ್ರಶ್ನೆ ಇಷ್ಟೆ: ಆಮೇಲೆ ತಮ್ಮ ಕೊಳಚೆ ಎಲ್ಲಿಗೆ ಹೋಗುತ್ತದೆ? ಆದರ್ಶ ನಗರಕ್ಕೆ ಒಂದು ಹಿಂಬಾಗಿಲು ಇದ್ದೇ ಇರುತ್ತದೆ. ಅದರಾಚೆ ಇರುವ ಹಳ್ಳಿಯ ಹೆಸರನ್ನು ಈಗಲೇ ಹೇಳಿದರೆ ಅವರಾದರೂ ಸಿದ್ಧರಾಗಿರುತ್ತಾರೆ.

ಬೈರಮಂಗಲದವರು ಭೂಮಿ ಕೊಡುವುದಿಲ್ಲವೆಂದು ಧರಣಿ ಕೂತ ಸುದ್ದಿಯನ್ನೂ ಓದಿದೆ. ಅವರಿಗೆ ಭವಿಷ್ಯದ ಬಗ್ಗೆ ಉತ್ಸಾಹವಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡಿ. 2006ರ ಹೊತ್ತಿಗೇ ಬಿಡದಿ, ರಾಮನಗರ, ಸಾತನೂರು, ಸೋಲೂರು, ನಂದಗುಡಿ ಎಂದು ಐದು ಉಪನಗರಗಳನ್ನು ಘೋಷಿಸಿದ್ದರು, ಒಂದೂ ಏಳಲಿಲ್ಲ. ಒಂದೇ ಭವಿಷ್ಯವನ್ನು ಎರಡು ಸಲ ಕೇಳಿಸಿಕೊಂಡವರು ಅವರು. ನಮ್ಮ ಸುಂಕೇನಹಳ್ಳಿಯವರಿಗೆ ಧರಣಿ ಕೂರುವುದು ಗೊತ್ತಿರಲಿಲ್ಲ. ಅವರ ಹೊಲ ಈಗ ನಮ್ಮ ವಿಳಾಸ.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ. ತಮ್ಮ ನಕ್ಷೆಯ ಒಂದು ಪ್ರತಿಯನ್ನು ದಯವಿಟ್ಟು ಕಳುಹಿಸಿಕೊಡಿ. ಅದರಲ್ಲಿ ನಗರ ಗುಡಿಸುವವರ ಮನೆಗಳು ಎಲ್ಲಿವೆ, ಬಸವನಗುಡಿಯಿಂದ ಬರುವ ನೀರು ತಮ್ಮನ್ನು ದಾಟಿ ಹೋಗುವಾಗ ಯಾವ ಬಣ್ಣದಲ್ಲಿರುತ್ತದೆ, ಈ ಎರಡನ್ನು ಮಾತ್ರ ಕೆಂಪು ಶಾಯಿಯಲ್ಲಿ ಗುರುತು ಮಾಡಿ. ಎರಡಕ್ಕೂ ಉತ್ತರವಿದ್ದರೆ ಜೊತೆಗೆ ಅರ್ಜಿ ಫಾರಂ ಒಂದನ್ನು ಇಟ್ಟುಬಿಡಿ; ನನ್ನ ಮೊಮ್ಮಗನಿಗೆ ಸೈಟು ಬೇಕಾಗಿದೆ. ಇಲ್ಲದಿದ್ದರೆ ಬೈರಮಂಗಲದವರ ಹೊಲವನ್ನು ಅವರಿಗೇ ಬಿಟ್ಟು, ಮೊದಲು ಅವರ ಕೆರೆಯನ್ನು ತೊಳೆದುಕೊಡಿ. ಅದರ ಖರ್ಚಿನಲ್ಲಿ ನಮ್ಮ ಪಾಲೆಷ್ಟು ಎಂದು ಬಿಲ್ಲು ಕಳಿಸಿ.

ಇಂತಿ ತಮ್ಮ ವಿಶ್ವಾಸಿ,
ಬಸವನಗುಡಿಯ ಹಳೆಯ ನಿವಾಸಿ

ಪ್ರತಿ: ಬೈರಮಂಗಲದ ಗ್ರಾಮಸ್ಥರ ಅವಗಾಹನೆಗಾಗಿ.