ಅಟ್ಟವೂ ಘಟ್ಟವೂ

ಪತ್ತನಾಜೆಗೆ ತುಳುನಾಡಿನಲ್ಲಿ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ-ನೇಮಗಳು ನಿಲ್ಲುತ್ತವೆ, ದೈವಗಳಿಗೂ ರಜೆ ಸಿಗುತ್ತದೆ. ರಜೆ ಇಲ್ಲದಿರುವುದು ನಮ್ಮತ್ತೆಗೆ ಮಾತ್ರ. ಮೇ 24ರ ಸುಮಾರಿಗೆ ಬರುವ ಆ ದಿನದೊಳಗೆ ಅವರ ಅಟ್ಟ ತುಂಬಿರಬೇಕು. ಆಮೇಲೆ ಸುರಿಯುವ ಮಳೆಯನ್ನು ಅವರು ಮಳೆಯೆಂದು ನೋಡುವುದೇ ಇಲ್ಲ. ಕೋಟೆಗೆ ಮುತ್ತಿಗೆ ಹಾಕಲು ಬಂದ ದಂಡೆಂದೇ ಅವರ ಲೆಕ್ಕ.

ತೊಂದರೆಯೆಂದರೆ ಈಗ ನಮಗೆ ಅಟ್ಟವಿಲ್ಲ. ಪುತ್ತೂರಿನ ಮನೆ ಬಿಟ್ಟು ಮಂಗಳೂರಿನ ಫ್ಲ್ಯಾಟಿಗೆ ಬಂದ ದಿನ ಅತ್ತೆ ಮೊದಲು ನೋಡಿದ್ದು ದೇವರ ಕೋಣೆಯನ್ನಲ್ಲ, ಅಡುಗೆಮನೆಯ ಮೇಲಿನ ಲಾಫ್ಟನ್ನು. "ಒಂದು ಮರದ ಹಲಸಿಗೂ ಸಾಲದು" ಎಂದು ತೀರ್ಪು ಕೊಟ್ಟರು. ಆದರೂ ಅಲ್ಲಿ ಹಪ್ಪಳದ ಡಬ್ಬ, ಮಿಡಿ ಉಪ್ಪಿನಕಾಯಿ, ಮಾಂಬಳ, ಬಾಳ್ಕದ ಮೆಣಸು ಎಲ್ಲ ಸೇರಿಕೊಂಡವು. ಜಾಗ ಸಾಲದ ಸೌತೆಕಾಯಿಗಳು ಬಾಳೆನಾರಿನಲ್ಲಿ ಕಟ್ಟಿಸಿಕೊಂಡು ಬಾಲ್ಕನಿಯ ಬಟ್ಟೆ ಒಣಗಿಸುವ ಸರಳಿಗೆ ನೇತುಬಿದ್ದವು. ನೀರಿನ ಫಿಲ್ಟರ್ ರಿಪೇರಿಗೆ ಬಂದ ಹುಡುಗನೊಬ್ಬ ಅದಕ್ಕೆ ತಲೆ ಬಡಿಸಿಕೊಂಡು, "ಇದು ಯಾವ ಪೂಜೆ ಅಮ್ಮಾ?" ಎಂದು ಭಕ್ತಿಯಿಂದಲೇ ಕೇಳಿದ.

ಎಲ್ಲಕ್ಕಿಂತ ದೊಡ್ಡ ಗತ್ತು ಉಪ್ಪುಸೊಳೆಯ ಭರಣಿಯದ್ದು. ಬಲಿತ ಹಲಸಿನಕಾಯಿಯ ಸೊಳೆ ಬಿಡಿಸಿ, ಒಂದು ಪದರ ಸೊಳೆ, ಅದರ ಮೇಲೆ ಹಿಡಿ ಕಲ್ಲುಪ್ಪು, ಮತ್ತೆ ಸೊಳೆ, ಮತ್ತೆ ಉಪ್ಪು ಎಂದು ಬಾಯಿಯವರೆಗೆ ತುಂಬಿ, ಮೇಲೊಂದು ತಟ್ಟೆಯಿಟ್ಟು, ತಟ್ಟೆಯ ಮೇಲೆ ಕಲ್ಲು ಹೇರಬೇಕು. ಯಾವುದೋ ಒಂದು ಕಲ್ಲು ಆಗುವುದಿಲ್ಲ. ಅತ್ತೆಯ ಕಲ್ಲು ಹೊಳೆಯಲ್ಲಿ ನುಣುಪಾದದ್ದು, ಅವರ ಅತ್ತೆಯ ಕಾಲದ್ದು. ಮನೆ ಬದಲಿಸಿದಾಗ ಟಿ.ವಿ. ಲಾರಿಯಲ್ಲಿ ಬಂತು, ಕಲ್ಲು ಕಾರಿನಲ್ಲಿ ಅತ್ತೆಯ ಮಡಿಲಲ್ಲಿ ಬಂತು. ಆಟಿಯ ಮಳೆಯಲ್ಲಿ ಆ ಭರಣಿಯ ಬಾಯಿ ಬಿಚ್ಚಿದರೆ ವಾಸನೆ ಲಿಫ್ಟಿನವರೆಗೆ ಹೋಗುತ್ತದೆ. ಸೊಳೆಯನ್ನು ನೀರಿನಲ್ಲಿ ನೆನೆಸಿ, ಉಪ್ಪು ಬಿಡಿಸಿ, ಹಿಂಡಿ, ರೊಟ್ಟಿಯೋ ಉಂಡ್ಲಕಾಳೋ ಮಾಡಿದ ಮೇಲೆ ಮಾತ್ರ ನೆರೆಯವರ ದೂರು ನಿಲ್ಲುತ್ತದೆ. ಅವರಿಗೂ ಒಂದು ತಟ್ಟೆ ಹೋಗಿರುತ್ತದಲ್ಲ!

ಈ ಸಾಮ್ರಾಜ್ಯಕ್ಕೆ ಇರುವ ಏಕೈಕ ವಿರೋಧಪಕ್ಷ ನನ್ನ ಯಜಮಾನರು. ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿದ್ದು ನಿವೃತ್ತರಾದವರು. ದಾಸ್ತಾನೆಂದರೆ ಮಲಗಿದ ದುಡ್ಡು ಎಂಬುದು ಅವರ ಗಾಯತ್ರಿ. ಟೊಯೊಟಾ ಕಂಪನಿಯವರು ಬೇಕಾದ ಸಾಮಾನು ಬೇಕಾದ ಹೊತ್ತಿಗೇ ಬಂದು ಬೀಳುವ ಹಾಗೆ ಮಾಡಿ ಗೋದಾಮುಗಳನ್ನೇ ಖಾಲಿ ಮಾಡಿಸಿದರಂತೆ. ಆ ಪದ್ಧತಿಯ ಮೂಲಪುರುಷ ತೈಚಿ ಓನೊ ಎಂಬವರಿಗೆ ಇದಕ್ಕೆ ಪ್ರೇರಣೆಯಾದದ್ದು ಅಮೆರಿಕದ ಸೂಪರ್‌ಮಾರ್ಕೆಟ್ ಅಂತೆ. "ಕೆಳಗೆ ಅಂಗಡಿ ಉಂಟು, ಮೊಬೈಲ್ ಒತ್ತಿದರೆ ಹತ್ತು ನಿಮಿಷದಲ್ಲಿ ಬೇಳೆ ಬರ್ತದೆ. ಮತ್ತೆ ಇದೆಲ್ಲ ಯಾಕಮ್ಮ?" ಎಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ಬಾಣಗಳ ಚಿತ್ರ ಬರೆದು ವಿವರಿಸಿದರು. ಅತ್ತೆ ಚಿತ್ರವನ್ನು ಪೂರ್ತಿ ನೋಡಿ, "ಇದರಲ್ಲಿ ಮಳೆ ಎಲ್ಲಿ ಉಂಟು ಮಾರಾಯ?" ಎಂದರು.

ತರ್ಕದಲ್ಲಿ ಸೋತವರು ಕಾನೂನಿಗೆ ಹೋಗುವುದು ಲೋಕರೂಢಿ. 2023ರ ಜೂನಿನಲ್ಲಿ ತೊಗರಿಬೇಳೆಯ ಬೆಲೆ ಏರಿ, ಕೇಂದ್ರ ಸರ್ಕಾರ 1955ರ ಅಗತ್ಯ ವಸ್ತುಗಳ ಕಾಯ್ದೆಯಡಿ ದಾಸ್ತಾನಿಗೆ ಮಿತಿ ಹಾಕಿತು. ಇವರು ಪತ್ರಿಕೆ ಹಿಡಿದು ಅಡುಗೆಮನೆಗೇ ಬಂದರು. ಸಗಟು ವ್ಯಾಪಾರಿಗೆ 200 ಟನ್, ಚಿಲ್ಲರೆ ಅಂಗಡಿಗೆ 5 ಟನ್. ಅತ್ತೆ ಹರಳೆಣ್ಣೆ ಸವರಿದ ಬೇಳೆಯ ಡಬ್ಬದ ಮುಚ್ಚಳ ಬಿಗಿಮಾಡುತ್ತ, "ಐದು ಟನ್ನಾ? ಹಾಗಾದರೆ ಇನ್ನೂ ಜಾಗ ಉಂಟು" ಎಂದರು.

ಅತ್ತೆಯ ಅಟ್ಟಕ್ಕೂ ಒಂದು ಸರಹದ್ದುಂಟು, ಹೇಳಿಬಿಡಬೇಕು. ಹಿತ್ತಿಲಲ್ಲಿ ಆಗುವುದು, ಬಿಸಿಲಲ್ಲಿ ಒಣಗುವುದು ಮಾತ್ರ ಅವರ ಹಿಡಿತದಲ್ಲಿದೆ. ಒಂದು ಸಾರಿಗೆ ಒಗ್ಗರಣೆ ಹಾಕಹೊರಟರೆ ಭೂಪಟವೇ ಬೇಕು. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಮಾನ್ಯತೆಯೇನೋ ಸಿಕ್ಕಿತು, ಆದರೆ ದೇಶದ ಹೊಟ್ಟೆಗೆ ಸಾಲದ ಬೇಳೆ ಮೊಜಾಂಬಿಕ್‌ನಿಂದಲೂ ಮ್ಯಾನ್ಮಾರಿನಿಂದಲೂ ಹಡಗು ಹತ್ತಿ ಬರುತ್ತದೆ. ಇಂಗು ಅಫ್ಘಾನಿಸ್ತಾನದ ಕಡೆಯದ್ದು. ನೂರಾರು ವರ್ಷ ಇಂಗಿಲ್ಲದೆ ಸಾರಿಲ್ಲ ಎಂದು ಬದುಕಿದ ನಾವು ಇಂಗಿನ ಸಸಿಯನ್ನು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ನೆಟ್ಟದ್ದು 2020ರಲ್ಲಿ! ಹಪ್ಪಳ ನಮ್ಮದೇ; ಅದನ್ನು ಕರಿಯುವ ಸೂರ್ಯಕಾಂತಿ ಎಣ್ಣೆ ಉಕ್ರೇನಿನದ್ದೆಂದು ನಮ್ಮ ಓಣಿಗೆ ಗೊತ್ತಾದದ್ದು 2022ರ ಫೆಬ್ರವರಿಯಲ್ಲಿ ಅಲ್ಲಿ ಬಾಂಬು ಬಿದ್ದ ಮೇಲೆ. ಗದ್ದೆಯಿದ್ದಲ್ಲಿ ಅಡಿಕೆ ತೋಟವಾಗಿ, ಕುಚ್ಚಲಕ್ಕಿಯನ್ನೂ ಚೀಲದಲ್ಲಿ ಕೊಳ್ಳುತ್ತೇವೆ. ಉಪ್ಪಿನ ಕಥೆ ಇನ್ನೂ ಚೆಂದ. ನಮ್ಮ ಬಾಲ್ಕನಿಯಿಂದ ಅರಬ್ಬೀ ಸಮುದ್ರ ಕಾಣುತ್ತದೆ, ಉಪ್ಪು ಗುಜರಾತಿನಿಂದ ಬರುತ್ತದೆ.

ಹೊರದೇಶದ ಮಾತು ಬಿಡಿ, ತರಕಾರಿ ಬರುವುದು ಘಟ್ಟದ ಮೇಲಿನಿಂದ. ಹಾಸನ, ಚಿಕ್ಕಮಗಳೂರಿನ ಬೀನ್ಸು, ಆಲೂಗಡ್ಡೆ, ಟೊಮೆಟೊ ಶಿರಾಡಿಯಲ್ಲಿ ಇಳಿಯುತ್ತವೆ, ಇಲ್ಲಿಂದ ಗ್ಯಾಸ್ ಟ್ಯಾಂಕರುಗಳು ಅದೇ ಶಿರಾಡಿಯಲ್ಲಿ ಏದುಸಿರು ಬಿಡುತ್ತ ಹತ್ತುತ್ತವೆ. ಒಲೆಗೂ ಪಾತ್ರೆಗೂ ಒಂದೇ ರಸ್ತೆ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಆ ರಸ್ತೆ ಮುಚ್ಚಿತು. ಮಡಿಕೇರಿ ದಾರಿ ಜೋಡುಪಾಲದಲ್ಲಿ ಕುಸಿಯಿತು. ಸುಬ್ರಹ್ಮಣ್ಯ-ಸಕಲೇಶಪುರದ ರೈಲುಹಳಿಯ ಮೇಲೂ ಮಣ್ಣು. ಉಳಿದದ್ದು ಚಾರ್ಮಾಡಿ, ಅದರ ತಿರುವುಗಳಲ್ಲಿ ದೊಡ್ಡ ಲಾರಿಗೆ ಪ್ರವೇಶವಿಲ್ಲ. ಇವರ ಕ್ಯಾಲೆಂಡರಿನ ಬಾಣಗಳೆಲ್ಲ ಗುಂಡ್ಯದ ಆಚೆಗೇ ಸಾಲುಗಟ್ಟಿ ನಿಂತವು. ಆ ವಾರ ನಮ್ಮಲ್ಲಿ ಸೌತೆಕಾಯಿ-ಹಲಸಿನ ಬೀಜದ ಕೊದಿಲು. ಬೀಜವನ್ನು ಅತ್ತೆ ಕೆಮ್ಮಣ್ಣು ಬಳಿದು ಬುಟ್ಟಿಯಲ್ಲಿ ಇಟ್ಟಿದ್ದರು. ತೊಳೆದರೆ ನಿನ್ನೆ ಹಣ್ಣಿನಿಂದ ತೆಗೆದ ಹಾಗೆ. ಮೂರನೆಯ ದಿನವೂ ಕೊದಿಲು, ಆರನೆಯ ದಿನವೂ ಕೊದಿಲು. ಸರಬರಾಜು ಭದ್ರವಾಗಿದ್ದರೆ ರುಚಿಗೆ ಆಯ್ಕೆ ಇರುವುದಿಲ್ಲ ಎಂಬುದನ್ನು ನಾನಾಗಿ ಕಂಡುಕೊಂಡೆ, ಅತ್ತೆಯೆದುರು ಬಾಯಿ ಬಿಡಲಿಲ್ಲ.

ಹೀಗೆಂದು ಅತ್ತೆ ಗಾಬರಿಬಿದ್ದು ಕೊಳ್ಳುವವರಲ್ಲ. ಅಂಥವರನ್ನು ಕಂಡರೆ ಅವರಿಗೆ ಆಗುವುದೇ ಇಲ್ಲ. 2016ರ ನವೆಂಬರಿನಲ್ಲಿ ನೋಟು ರದ್ದಾಗಿ ಮೂರೇ ದಿನಕ್ಕೆ ಉತ್ತರ ಭಾರತದಲ್ಲಿ ಉಪ್ಪು ಮುಗಿಯಿತಂತೆ ಎಂಬ ಗಾಳಿಸುದ್ದಿ ಹಬ್ಬಿತು. ಚೀನಾ, ಅಮೆರಿಕಗಳ ನಂತರ ಜಗತ್ತಿನಲ್ಲಿ ಅತಿ ಹೆಚ್ಚು ಉಪ್ಪು ತೆಗೆಯುವ ದೇಶದಲ್ಲಿ, ಕೈಯಲ್ಲಿ ನಡೆಯುವ ನೋಟೇ ಇಲ್ಲದ ಜನ ಉಪ್ಪಿಗೆ ಮುಗಿಬಿದ್ದರು. ಟಿ.ವಿ. ನೋಡುತ್ತ ಅತ್ತೆ, "ಬೇಸಗೆಯಲ್ಲಿ ಇವರೆಲ್ಲ ಎಂಥ ಮಾಡ್ತಿದ್ದರು?" ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ನಮ್ಮ ಅರ್ಥಶಾಸ್ತ್ರಜ್ಞರು ಪುಟಗಟ್ಟಲೆ ಬರೆಯುವ ವಿಷಯ ಇದೆ ಎಂದು ನನಗನಿಸುತ್ತದೆ. ಎಲ್ಲೆಲ್ಲೂ ರಾಶಿ ಬಿದ್ದಿರುವಾಗ ನಾಲ್ಕು ಸೇರು ಹೆಚ್ಚು ಕೊಂಡಿಟ್ಟವನಿಂದ ಅಂಗಡಿಗೆ ಉಪಕಾರ. ಸುದ್ದಿ ಬಂದ ಮೇಲೆ ಓಡಿದವನು ಪಕ್ಕದ ಮನೆಯವಳ ಪಾಲನ್ನು ಚೀಲಕ್ಕೆ ತುಂಬಿಕೊಂಡು ಬರುತ್ತಾನೆ.

ಈ ಸಿದ್ಧಾಂತಕ್ಕೆ ಮೊದಲ ಪೆಟ್ಟು ಬಿದ್ದದ್ದು ಮೊಮ್ಮಗಳಿಂದ. 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಂತಾಗ ಅಮೆರಿಕದ ಭಾರತೀಯ ಅಂಗಡಿಗಳಲ್ಲಿ ಸೋನಾ ಮಸೂರಿಗೆ ನೂಕುನುಗ್ಗಲು. ಕೆಲವೆಡೆ ತಲೆಗೊಂದೇ ಚೀಲ ಎಂದು ಬೋರ್ಡು. ಟೆಕ್ಸಾಸಿನಲ್ಲಿರುವ ನಮ್ಮ ಮಗಳು ಗಂಡನನ್ನು ಒಂದು ಸಾಲಿನಲ್ಲಿ ನಿಲ್ಲಿಸಿ ತಾನು ಇನ್ನೊಂದರಲ್ಲಿ ನಿಂತು, ಕಾರಿನ ಡಿಕ್ಕಿಯ ಫೋಟೊ ಕಳಿಸಿದಳು. ಅಜ್ಜಿ ಕನ್ನಡಕ ಹಾಕಿಕೊಂಡು ನೋಡಿದರು. ಗದರುತ್ತಾರೆಂದು ನಾವು ಕಾದರೆ, "ಚೀಲದಲ್ಲಿ ಬೇವಿನೆಲೆ ಹಾಕಲಿಕ್ಕೆ ಹೇಳು, ನುಸಿ ಬರ್ತದೆ" ಎಂದರು. ಸಿದ್ಧಾಂತ ಎಷ್ಟೇ ಗಟ್ಟಿಯಿರಲಿ, ಮೊಮ್ಮಗಳು ಮೊಮ್ಮಗಳೇ.

ಅವರ ಈ ಗುಣಕ್ಕೆ ಒಂದು ಬೇರೂ ಉಂಟು. 1965ರಲ್ಲಿ ಅವರು ಹದಿಹರೆಯದ ಹುಡುಗಿ. ಬರ, ಯುದ್ಧ, ಅಮೆರಿಕದ ಗೋಧಿಯ ಹಡಗು ಬಂದರೆ ಊಟ ಎನ್ನುವ ಕಾಲ. ಸೋಮವಾರ ರಾತ್ರಿಯ ಊಟ ಬಿಡಿ ಎಂದು ಪ್ರಧಾನಿ ಶಾಸ್ತ್ರಿಯವರು ಕರೆ ಕೊಟ್ಟರು. "ನಮ್ಮ ಅಪ್ಪ ಒಂದು ಸೋಮವಾರವೂ ತಪ್ಪಿಸಲಿಲ್ಲ" ಎಂದು ಅತ್ತೆ ಈಗಲೂ ಹೆಮ್ಮೆಪಡುತ್ತಾರೆ. ಮತ್ತೆ ರಾತ್ರಿ ಏನು ತಿನ್ನುತ್ತಿದ್ದಿರಿ ಎಂದರೆ, "ಮೊಸರವಲಕ್ಕಿ. ಅದು ಊಟ ಅಲ್ಲವಲ್ಲ." ಅದೇ ವರ್ಷ ಭಾರತೀಯ ಆಹಾರ ನಿಗಮ ಹುಟ್ಟಿ, ದೇಶಕ್ಕೂ ಒಂದು ಅಟ್ಟವಾಯಿತು. ನಿಗಮದ ಗೋದಾಮುಗಳಲ್ಲಿ ಕಾಳು ಹುಳ ಹಿಡಿಯುತ್ತದೆಂದು ಪತ್ರಿಕೆಗಳು ಬರೆದಾಗ ನಮ್ಮ ಮನೆಯಲ್ಲಿ ನನ್ನ ಯಜಮಾನರೊಬ್ಬರೇ ಖುಷಿಪಡುವವರು.

ಮೊನ್ನೆ ಇವರ ತಂಗಿಯ ಮಗ ಬಂದಿದ್ದ. ಬಿಡದಿಯ ಕಡೆ ಕಾರಿನ ಬಿಡಿಭಾಗ ಮಾಡುವಲ್ಲಿ ಇಂಜಿನಿಯರು. ಮಾವನ ಬಾಣದ ಪ್ರವಚನ ಶುರುವಾಗುತ್ತಿದ್ದಂತೆ ಅವನು ಕೆಮ್ಮಿದ. 2011ರ ಭೂಕಂಪ, ಸುನಾಮಿಗಳಿಂದ ಪಾಠ ಕಲಿತ ಟೊಯೊಟಾ, ಎಲೆಕ್ಟ್ರಾನಿಕ್ ಚಿಪ್ಪುಗಳನ್ನು ಮಾತ್ರ ಎರಡರಿಂದ ಆರು ತಿಂಗಳಿಗಾಗುವಷ್ಟು ಕೂಡಿಡಲು ಪೂರೈಕೆದಾರರಿಗೆ ಹೇಳಿತ್ತಂತೆ. 2021ರ ಆರಂಭದಲ್ಲಿ ಚಿಪ್ಪಿಲ್ಲದೆ ಬೇರೆ ಕಾರ್ಖಾನೆಗಳು ನಿಂತಾಗ ಟೊಯೊಟಾದ್ದು ನಡೆದದ್ದು ಅದರಿಂದಲೇ. ಕೊನೆಗೆ ಆ ದಾಸ್ತಾನೂ ಕರಗಿ ಅವರಿಗೂ ಬಿಸಿ ತಟ್ಟಿತು ಅನ್ನಿ.

ಇವರು ಚಹಾದ ಲೋಟದೊಳಗೆ ಏನನ್ನೋ ಹುಡುಕತೊಡಗಿದರು. ಅತ್ತೆ ಗೆದ್ದ ಮುಖವನ್ನೇನೂ ಮಾಡಲಿಲ್ಲ. ಕುರ್ಚಿಯನ್ನು ಹುಡುಗನ ಹತ್ತಿರಕ್ಕೆ ಎಳೆದುಕೊಂಡು ಕೇಳಿದರು:

"ಆರು ತಿಂಗಳು ಇಡುದಾದರೆ ನಡುವೆ ಒಮ್ಮೆ ಬಿಸಿಲಿಗೆ ಹಾಕ್ತಾರಾ?"